ಸಾ|| ತಡಸ, ಖೋಖೋ ಪ್ರಥಮ

ಸಂತೆಗೆ ಬಂದವರು ಭಾಂಡೆ ಅಂಗಡಿಯ ಮುಂದೆ ನಿಂತರೆ ಮಾತು ಹೀಗೇ ಶುರುವಾಗುತ್ತದೆ.

“ಅಣ್ಣಾ, ಈ ತಾಟ ಎಷ್ಟ?”

“ಕಿಲೋ ಲೆಕ್ಕ ಐತ್ರಿ ಅಕ್ಕಾರ. ತಕ್ಕಡಿಗೆ ಇಡ್ತೀನಿ, ನೀವ ನೋಡ್ರಿ.”

“ಹಂಗಾದ್ರ ಹಗರ ಇದ್ದದ್ದ ಕೊಡು.”

“ಹಗರ ಇದ್ದದ್ದ ಒಯ್ದ್ರ ನಾಳೆ ಬಗ್ಗತೈತಿ, ನಾಡದ ಬಂದು ನನ್ನ ಬೈತೀರಿ.”

“ಬೈಯೂದ ಆಮ್ಯಾಲ ನೋಡೂಣು. ಹೆಸರ ಹಾಕಿ ಕೊಡ್ತೀ ಇಲ್ಲೊ?”

“ಹೆಸರ ಫ್ರೀ ರೀ.”

“ಫ್ರೀ ಅಂದ್ರ ಊರ ಹೆಸರೂ ಹಾಕು ಮತ್ತ.”

ಅಂಗಡಿಯವನು ನಗುತ್ತ ಕೆಳಗಿನಿಂದ ಒಂದು ಮಷೀನು ತೆಗೆಯುತ್ತಾನೆ. ಟರ್ರ್ ಎಂಬ ಸದ್ದು ಎದ್ದು ಪಕ್ಕದ ಕಿರಾಣಿ ಅಂಗಡಿಯ ಮಾತೂ ಕೇಳದಂತಾಗುತ್ತದೆ. ಎರಡು ನಿಮಿಷದಲ್ಲಿ ತಾಟಿನ ಬೆನ್ನ ಮೇಲೆ ಒಂದು ಸಂಸಾರದ ವಿಳಾಸ ಮೂಡಿರುತ್ತದೆ. ಹೆಸರು ಹಾಕುವ ಈ ಕೆಲಸವನ್ನು ಯಾರೂ ಕಸುಬು ಎಂದು ಕರೆದದ್ದನ್ನು ನಾನು ಕೇಳಿಲ್ಲ. ಭಾಂಡೆ ಮಾರುವವನ ಕೈಗೆ ಅಂಟಿಕೊಂಡು ಬಂದ ವಿದ್ಯೆ ಇದು, ಬೋಣಿಗೆಯ ಜತೆ ಪುಗಸಟ್ಟೆ. ಆದರೆ ತಡಸ, ಶಿಗ್ಗಾವಿ, ಹಾನಗಲ್ಲು, ಸವಣೂರಿನ ಕಡೆ ಯಾವ ಮನೆಯ ಅಡುಗೆಮನೆಗೆ ಹೋದರೂ ಓದಲು ಸಿಗುವ ಬರಹ ಇದೊಂದೇ ಇರುತ್ತದೆ.

ಮಷೀನು ಅಂದೆನಲ್ಲ, ಅದು ಹಿಡಿಯಲು ದಪ್ಪ ಪೆನ್ನಿನಂತೆ. ಒಳಗೆ ತಂತಿಯ ಸುರುಳಿ, ಮುಂದೆ ಗಟ್ಟಿ ಟಂಗ್‌ಸ್ಟನ್ ಕಾರ್ಬೈಡಿನ ಮೊನೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತ ತಿರುಗುತ್ತದೆ. ಒಂದೊಂದು ಆವರ್ತದಲ್ಲಿ ಸುರುಳಿ ಎರಡು ಸಲ ಕಬ್ಬಿಣವನ್ನು ಎಳೆಯುತ್ತದೆ. ಹಾಗಾಗಿ ಮೊನೆ ಸೆಕೆಂಡಿಗೆ 100 ಸಲ ಲೋಹವನ್ನು ಕುಟ್ಟುತ್ತದೆ. ಬರೆದಂತೆ ಕಂಡರೂ ಇದು ಕುಟ್ಟಿದ್ದು. ಕೈ ನಿಧಾನ ಹೋದರೆ ಚುಕ್ಕಿಗಳು ಒಂದರೊಳಗೊಂದು ಕೂಡಿ ಗೆರೆಯಾಗುತ್ತವೆ, ಅವಸರ ಮಾಡಿದರೆ ಚುಕ್ಕಿ ಚುಕ್ಕಿಯಾಗಿ ಉಳಿಯುತ್ತವೆ. ಮಷೀನು ಬರುವ ಮುನ್ನ ಚಾಣ ಮತ್ತು ಸಣ್ಣ ಸುತ್ತಿಗೆ ಇದನ್ನೇ ಮಾಡುತ್ತಿದ್ದವು, ಒಂದೊಂದೇ ಏಟು. ಮನೆಯಲ್ಲಿ ಹಳೆಯ ತಾಮ್ರದ ಹಂಡೆ ಇದ್ದರೆ ಅದರ ಕಂಠ ನೋಡಿ, ಏಟುಗಳನ್ನು ಎಣಿಸಬಹುದು.

ನಾನು ಗಮನಿಸಿದ್ದೆಂದರೆ, ಒಳ್ಳೆಯ ಕೈಯವನು ಮಷೀನನ್ನು ಹೆಚ್ಚು ಆಡಿಸುವುದಿಲ್ಲ, ತಾಟನ್ನು ತಿರುಗಿಸುತ್ತಾನೆ. ಕನ್ನಡದ ಅಕ್ಷರ ದುಂಡಗಿರುವುದರಿಂದ ತಾಟು ತೊಡೆಯ ಮೇಲೆ ಒಂದು ಸುತ್ತು ಹಾಕಿದರೆ ಅರ್ಧ ಅಕ್ಷರ ಆದಂತೆ. ಕಷ್ಟ ಬರುವುದು ಒತ್ತಕ್ಷರಕ್ಕೆ. ಲೋಟದ ಅಂಚಿನ ಕೆಳಗೆ ಬೆರಳಗಲ ಜಾಗದಲ್ಲಿ ಒಂದು ‘ಪ್ರ’ ಅಥವಾ ‘ಷ್ಟ್ರ’ ಕೂಡಿಸುವಾಗ ಅವನು ಉಸಿರು ಬಿಗಿ ಹಿಡಿಯುತ್ತಾನೆ, ಏಕೆಂದರೆ ತಪ್ಪಿದರೆ ಅಳಿಸಲಾಗದು.

ಇಷ್ಟು ಗಾಯ ಮಾಡಿದರೂ ಸ್ಟೀಲು ತುಕ್ಕು ಹಿಡಿಯುವುದಿಲ್ಲ ಏಕೆ? 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಬಂದೂಕಿನ ನಳಿಗೆಗೆ ಒಳ್ಳೆಯ ಉಕ್ಕು ಹುಡುಕುತ್ತ ಕ್ರೋಮಿಯಂ ಬೆರೆಸಿದ. ಸಿಕ್ಕಿದ್ದು ತುಕ್ಕು ಹಿಡಿಯದ ಉಕ್ಕು, ಅದು ಮೊದಲು ಹೋದದ್ದು ಊಟದ ಮೇಜಿನ ಚಾಕುಗಳಿಗೆ. ಉಕ್ಕಿನಲ್ಲಿ ಶೇಕಡಾ ಹತ್ತೂವರೆಗಿಂತ ಹೆಚ್ಚು ಕ್ರೋಮಿಯಂ ಇದ್ದರೆ ಮೈಮೇಲೆ ಕಣ್ಣಿಗೆ ಕಾಣದ ಪದರವೊಂದು ಕಟ್ಟುತ್ತದೆ. ಗೀರಿದರೆ ಗಾಳಿ ತಾಕಿದೊಡನೆ ಮತ್ತೆ ಕಟ್ಟಿಕೊಳ್ಳುತ್ತದೆ. ಕಲಾಯಿ ಮಾಡಿದ ಹಿತ್ತಾಳೆ ಬೋಗುಣಿಯ ಒಳಗೆ ಗೀರಿದರೆ ಕಲಾಯಿ ಕೆಟ್ಟಿತು. ಜರ್ಮನ್ ಭಾಂಡೆಯ ಮೇಲೆ, ಅಂದರೆ ಅಲ್ಯುಮಿನಿಯಂ ಮೇಲೆ, ಬರೆದದ್ದು ಬೂದಿ-ನಾರಿನ ಉಜ್ಜಾಟಕ್ಕೆ ಕೆಲವೇ ವರ್ಷದಲ್ಲಿ ಸವೆಯಿತು. ಸ್ಟೀಲಿನ ಮೇಲಿನ ಹೆಸರು ಮಾತ್ರ ಬರೆಸಿದವರಿಗಿಂತ ಹೆಚ್ಚು ಬಾಳುತ್ತದೆ.

ಅಗ್ಗದ ಸ್ಟೀಲು ಯಾವುದು, ಒಳ್ಳೆಯದು ಯಾವುದು ಎಂಬ ಚರ್ಚೆ ಸಂತೆಯಲ್ಲಿ ಮುಗಿಯುವಂಥದ್ದಲ್ಲ. ಕೆಲವರು ಅಯಸ್ಕಾಂತವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬರುತ್ತಾರೆ, ಹಿಡಿಯದಿದ್ದರೆ ‘ಅಸಲಿ’. ಈ ಪರೀಕ್ಷೆ ಅರ್ಧ ಮಾತ್ರ ನಿಜ. ಕ್ರೋಮಿಯಂ 18, ನಿಕ್ಕಲ್ 8 ಇರುವ ಒಳ್ಳೆಯ ಉಕ್ಕನ್ನು ಅಯಸ್ಕಾಂತ ಹಿಡಿಯದು, ಸರಿ. ಆದರೆ ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ ಮಾಲನ್ನೂ ಅದು ಹಿಡಿಯುವುದಿಲ್ಲ. ಕೇಂದ್ರ ಸರಕಾರ 2024ರ ಮಾರ್ಚ್ 14ರ ಆದೇಶದಲ್ಲಿ ಸ್ಟೀಲು ಮತ್ತು ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದೆ, ಸ್ಟೀಲಿನದು ಐಎಸ್ 14756. ಸಂತೆಯಲ್ಲಿ ಆ ಅಂಕಿ ಹುಡುಕುವವರನ್ನು ನಾನಿನ್ನೂ ನೋಡಿಲ್ಲ. ನಮ್ಮವ್ವನ ಪರೀಕ್ಷೆ ಬೇರೆಯೇ ಇತ್ತು: ತಾಟನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಉಗುರಿನಿಂದ ಬಾರಿಸುತ್ತಿದ್ದಳು. ಸದ್ದು ಎಳೆದರೆ ಕೊಳ್ಳುವುದು, ತಟ್ಟನೆ ನಿಂತರೆ ಬಿಡುವುದು. ಇದಕ್ಕೂ ಐಎಸ್‌ಐಗೂ ಸಂಬಂಧವಿಲ್ಲ, ಆದರೆ ಆಕೆ ಕೊಂಡ ತಾಟು ಇವತ್ತಿಗೂ ಬಗ್ಗಿಲ್ಲ.

ಹೆಸರು ಏಕೆ ಬೇಕು? ಊರಲ್ಲಿ ಒಂದು ಮದುವೆಯಾದರೆ, ಜಾತ್ರೆಯ ದಾಸೋಹವಾದರೆ, ಹತ್ತು ಮನೆಯ ಪರಾತ, ಕೊಡ, ಸವಟು ಒಂದೇ ಕಡೆ ಸೇರುತ್ತವೆ. ಮರುದಿನ ತೊಳೆದು ಹಂಚುವಾಗ ಜಗಳ ಬೇಡವೆಂದು ಹೆಸರು. ಅದಕ್ಕೇ ಅದು ಬರೀ ಹೆಸರಲ್ಲ, ಅಂಚೆ ವಿಳಾಸ: ಸಾ|| ತಡಸ, ತಾ|| ಶಿಗ್ಗಾಂವ, ಜಿ|| ಇಂಥದ್ದು. ಈ ಕೊನೆಯ ‘ಜಿ||’ ನೋಡಿಯೇ ಭಾಂಡೆಯ ವಯಸ್ಸು ಹೇಳಬಹುದು. 1997ರ ಆಗಸ್ಟಿನಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ‘ಜಿ|| ಧಾರವಾಡ’ ಎಂದಿದ್ದರೆ ಅದಕ್ಕಿಂತ ಹಿಂದಿನದು. ಜಿಲ್ಲೆ ಒಡೆದಾಗ ಸರಕಾರ ಫಲಕಗಳನ್ನೆಲ್ಲ ಬದಲಿಸಿತು, ನಮ್ಮ ಕೊಡ-ತಂಬಿಗೆಗಳು ಇನ್ನೂ ಧಾರವಾಡದಲ್ಲೇ ಇವೆ.

ಆದರೆ ಯಾರ ಹೆಸರು? ಇಲ್ಲಿ ಸ್ವಲ್ಪ ನಿಲ್ಲಬೇಕು. ಮನೆಯ ಭಾಂಡೆಯ ಮೇಲೆ ಯಜಮಾನನ ಹೆಸರು. ಆಯೇರಿ ಬಂದದ್ದಾದರೆ ಕೊಟ್ಟವರ ಹೆಸರು, ಅದೂ ಗಂಡಸಿನದೇ. ತವರಿನಿಂದ ಬಂದ ಕೊಡದ ಮೇಲೆ ಅಪ್ಪ ಅಥವಾ ಅಣ್ಣನ ಹೆಸರು; ಮಗಳದು ಬಂದರೆ ‘ಚಿ.ಕುಂ.ಸೌ.’ ಎಂಬ ಬಾಲಂಗೋಚಿಯೊಂದಿಗೆ, ವರನ ಹೆಸರಿನ ಪಕ್ಕ. ಇದೇ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ತಾವು ಕಟ್ಟಿದ ಹಾಡಿಗೆ ತಮ್ಮ ಹೆಸರಿಡದೆ ಕಾಗಿನೆಲೆಯ ಆದಿಕೇಶವನ ಹೆಸರಿಟ್ಟರು. ಅದು ಅವರೇ ಆರಿಸಿಕೊಂಡದ್ದು. ದಿನಕ್ಕೆ ಎರಡು ಹೊತ್ತು ಆ ಭಾಂಡೆ ತಿಕ್ಕುವವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಹಾಗಾದರೆ ಹೆಣ್ಣುಮಕ್ಕಳ ಹೆಸರು ಒಂಟಿಯಾಗಿ, ಯಾರ ಬಾಲವೂ ಆಗದೆ ಸ್ಟೀಲಿನ ಮೇಲೆ ಬರುತ್ತಿದ್ದುದು ಎಲ್ಲಿ? ನನಗೆ ಗೊತ್ತಿರುವಂತೆ ಒಂದೇ ಕಡೆ, ಶಾಲೆಯ ಆಟದ ಬಹುಮಾನದಲ್ಲಿ.

ಮೆಡಲು, ಟ್ರೋಫಿ ಹಳ್ಳಿ ಶಾಲೆಗಳಿಗೆ ಬರುವ ಮೊದಲು ಬಹುಮಾನ ಎಂದರೆ ಭಾಂಡೆ. ಜನವರಿ 26ಕ್ಕೊ ಶಾಲೆಯ ವಾರ್ಷಿಕೋತ್ಸವಕ್ಕೊ ಮುನ್ನ ಪಿ.ಟಿ. ಮಾಸ್ತರರು ಊರಿನ ದಾನಿಗಳಿಂದ ರೊಕ್ಕ ಕೂಡಿಸಿ, ಒಬ್ಬ ಹಿರಿಯ ಹುಡುಗನನ್ನು ಜತೆಗೆ ಕರೆದುಕೊಂಡು ಶಿಗ್ಗಾವಿಗೊ ಹುಬ್ಬಳ್ಳಿಯ ಕಂಚಗಾರ ಗಲ್ಲಿಗೊ ಹೋಗುತ್ತಿದ್ದರು. ಅವರ ಲೆಕ್ಕ ಕೇಳಿ. ಓಟ, ಉದ್ದ ಜಿಗಿತ, ಗುಂಡು ಎಸೆತ ಇವಕ್ಕೆಲ್ಲ ತಲಾ ಮೂರೇ ಮಂದಿ: ಪ್ರಥಮಕ್ಕೆ ದೊಡ್ಡ ತಾಟು, ದ್ವಿತೀಯಕ್ಕೆ ಅದಕ್ಕಿಂತ ಸಣ್ಣದು, ತೃತೀಯಕ್ಕೆ ಲೋಟ. ಖೋಖೋ ಬಂದರೆ ಚೀಲ ಹರಿಯುತ್ತಿತ್ತು. ಆಡುವವರು 9, ಕಾಯುವವರು 3, ಒಟ್ಟು 12 ಮಂದಿ. ಗೆದ್ದವರಿಗೆ 12, ಸೋತವರಿಗೆ 12, ಅಂದರೆ ಒಂದು ಆಟಕ್ಕೆ 24 ಭಾಂಡೆ. ಕಬಡ್ಡಿಯಲ್ಲಿ ಆಡುವವರು 7 ಆದರೂ ತಂಡ 12. ವಾಲಿಬಾಲೂ ಅಷ್ಟೇ. ಹೀಗಾಗಿ ನೂರು ಮೀಟರು ಓಡಿದವಳು ದೊಡ್ಡ ತಾಟು ಒಯ್ದರೆ, ಮಧ್ಯಾಹ್ನವೆಲ್ಲ ಎದ್ದು ಕೂತು ಮೊಣಕಾಲು ತರಚಿಕೊಂಡ ಖೋಖೋದವಳಿಗೆ ಅಂಗೈಯಗಲದ ಒಂದು ಬಟ್ಟಲು. ಕೊಡುವಾಗ ಅದರ ಮೇಲೆ ಗೆದ್ದವರ ಹೆಸರೂ ಇರುತ್ತಿರಲಿಲ್ಲ. ಇರುವುದಾದರೂ ಹೇಗೆ? ಆಟ ನಡೆಯುವ ಮುಂಚೆಯೇ ಭಾಂಡೆ ತರಬೇಕು. ಅದಕ್ಕೇ ‘ಖೋಖೋ ಪ್ರಥಮ’ ಎಂದಷ್ಟೇ ಹಾಕಿಸಿ, ಕೆಳಗೆ ಇಸವಿ.

ನಮ್ಮಕ್ಕ 1994ರಲ್ಲಿ ಅಂಥದೊಂದು ಬಟ್ಟಲು ಗೆದ್ದಳು. ಖೋಖೋದಲ್ಲಿ ನಡುಗೆರೆಯ ಮೇಲೆ ಎಂಟು ಮಂದಿ ಒಬ್ಬರು ಆಚೆ, ಒಬ್ಬರು ಈಚೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನಟ್ಟುವವಳು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ಓಡುವವಳಿಗೆ ಆ ಕಟ್ಟು ಇಲ್ಲ, ಕೂತವರ ಸಂದಿಯಲ್ಲಿ ಹೇಗೆ ಬೇಕಾದರೂ ನುಸುಳಬಹುದು. ಅಕ್ಕ ಓಡುವುದರಲ್ಲಿ ಚುರುಕು. ಲಂಗದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ ಕಂಬದ ಹತ್ತಿರ ಸುಳಿದಾಡಿ, ಹಿಡಿಯಲು ಬಂದವಳ ದಿಕ್ಕು ತಪ್ಪಿಸುವುದನ್ನು ನಾನು ಕಂಪೌಂಡಿನ ಮೇಲೆ ಕೂತು ನೋಡಿದ್ದೇನೆ. ಸುಣ್ಣದ ಗೆರೆಯೆಲ್ಲ ಅಳಿಸಿಹೋಗಿ, ಔಟಾದಳೋ ಇಲ್ಲವೋ ಎಂದು ಎರಡೂ ಕಡೆಯವರು ಮಾಸ್ತರರನ್ನು ಸುತ್ತುಗಟ್ಟಿದ್ದರು.

ಮುಂದಿನ ಸಂತೆಗೆ ಅವ್ವ ಅಕ್ಕನ ಹೆಸರು ಹಾಕಿಸಲೆಂದು ಆ ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಆಗ ಹೆಸರು ಫ್ರೀ ಇರಲಿಲ್ಲ, ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ. ಅಕ್ಕನ ಹೆಸರಿನಲ್ಲಿ ಎರಡು ಒತ್ತು. ಅಂಗಡಿಯವನು ಒತ್ತಿಗೂ ರೊಕ್ಕ ಹಿಡಿದ.

“ಒತ್ತಿಗೆ ಯಾಕ ರೊಕ್ಕ? ಅದೇನ ತನ್ನ ಕಾಲ ಮ್ಯಾಲ ನಿಂತೈತೇನ?” ಎಂದಳು ಅವ್ವ.

“ಯವ್ವಾ, ನಿಂತದ್ದಕ್ಕಿಂತ ನೇತಾಡೂದ ಬರ್ಯಾಕ ಕಷ್ಟ.”

ಕೊನೆಗೆ ಒಂದು ಒತ್ತಿಗೆ ರೊಕ್ಕ, ಇನ್ನೊಂದಕ್ಕೆ ಮಾಫಿ. ‘ಸಾ|| ತಡಸ’ ಎಂಬುದನ್ನು ಅವನು ತಾನಾಗಿ ಸೇರಿಸಿದ. ಯಜಮಾನನ ಹೆಸರು ಬೇಡವೇ ಎಂದೂ ಕೇಳಿದ. “ಅವರೇನ ಓಡಿದ್ರೇನ?” ಎಂದಳಂತೆ.

ಬಹುಮಾನವಾಗಿ ಮನೆಸಾಮಾನು ಕೊಡುವ ಪದ್ಧತಿ ನಮ್ಮ ಸೀಮೆಯಿಂದ ಹೋಗಿಲ್ಲ, ಗಾತ್ರ ಬದಲಾಗಿದೆ ಅಷ್ಟೆ. ದೀಪಾವಳಿ ಮುಗಿಯುತ್ತಲೇ ಹಾನಗಲ್ಲು, ಹಿರೇಕೆರೂರಿನ ಕಡೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಬಟ್ಟಲಿನ ಹಾರ ಕಟ್ಟಿಕೊಂಡು ಕೈಗೆ ಸಿಗದೆ ಓಡಿದ ಹೋರಿಗೆ ತಿಜೋರಿ, ಟಿ.ವಿ., ಬೈಕು. ಹೋರಿಗೆ ಟಿ.ವಿ. ಏಕೆಂದು ಕೇಳಬಾರದು. ಶಾಲೆಗಳಲ್ಲಿ ಮಾತ್ರ ಭಾಂಡೆ ನಿಂತೇಹೋಗಿದೆ. ಈಗ ಪ್ಲಾಸ್ಟಿಕ್ಕಿನ ಬುಡಕ್ಕೆ ಬಂಗಾರದ ಬಣ್ಣದ ಕಪ್ಪು, ಅದಕ್ಕೊಂದು ಸ್ಟಿಕ್ಕರು. ಸ್ಟಿಕ್ಕರು ಎರಡು ಮಳೆಗಾಲಕ್ಕೆ ಉದುರುತ್ತದೆ. ದೊಡ್ಡ ಪೇಟೆಗಳಲ್ಲಿ ಲೇಸರ್ ಬಂದಿದೆ, ಹೆಸರಿನ ಜತೆ ಭಾವಚಿತ್ರವೂ ತಾಟಿನ ಮೇಲೆ ಮೂಡುತ್ತದೆ. ಸದ್ದಿಲ್ಲ, ತಪ್ಪಿಲ್ಲ, ಎಲ್ಲ ಅಂಗಡಿಯ ಅಕ್ಷರವೂ ಒಂದೇ. ನನಗೆ ಅದು ಅಷ್ಟಾಗಿ ಸೇರುವುದಿಲ್ಲ. ಊಟ ಮಾಡುವಾಗ ಸಾರಿನ ಕೆಳಗಿನಿಂದ ಯಾರೋ ನೋಡುತ್ತಿರುವುದು ಸರಿ ಅನ್ನಿಸದು.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು, ಭಾರತದ ಗಂಡಸರ ತಂಡವೂ ಹೆಂಗಸರ ತಂಡವೂ ನೇಪಾಳವನ್ನು ಸೋಲಿಸಿ ಗೆದ್ದವು. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ, ಅತ್ತ ಗಂಡಸರಲ್ಲಿ ಗೌತಮ್, ಇಬ್ಬರೂ ನಮ್ಮ ರಾಜ್ಯದವರು. ರಾಜ್ಯ ಸರಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿಯನ್ನು ಇಬ್ಬರೂ ಬೇಡವೆಂದರು, ಮಹಾರಾಷ್ಟ್ರದವರಿಗೆ ಅಲ್ಲಿಯ ಸರಕಾರ ಕೊಡುವುದಕ್ಕೆ ಹೋಲಿಸಿದರೆ ಇದು ತೀರ ಕಡಿಮೆ ಎಂದು. ಸುದ್ದಿಯನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಂದಿ ಕೂಡಿ ಆಡೋ ಆಟ ಅಂದ್ರ ಎಲ್ಲಾ ಕಡೆ ಹಿಂಗ ನೋಡು. ಹಂಚೂದ್ರಾಗ ಸಣ್ಣದಾಗತೈತಿ” ಎಂದಳು.

ಅವಳ ಬಟ್ಟಲು ಈಗ ಗಂಡನ ಮನೆಯಲ್ಲಿದೆ. ಅಂಚು ಒಂದು ಕಡೆ ಜಜ್ಜಿದೆ, ಹೆಸರು ಹಾಗೇ ಇದೆ. ಅದರಲ್ಲಿ ಹೆಪ್ಪು ಇಡುತ್ತಾಳೆ. ಕಳೆದ ಸಲ ಹೋದಾಗ ಪಕ್ಕದ ಮನೆಯ ಹುಡುಗಿ ಹೆಪ್ಪು ಕೇಳಿಕೊಂಡು ಬಂದಳು. ಅಕ್ಕ ಒಳಗೆ ಹೋಗಿ, ಒಂದು ಚಮಚ ಹೆಪ್ಪನ್ನು ಬೇರೆ ಲೋಟಕ್ಕೆ ಹಾಕಿ ತಂದುಕೊಟ್ಟಳು.

“ಬಟ್ಟಲಾನ ಕೊಡಬೇಕಿಲ್ಲೊ? ಹೆಸರ ಐತಲ್ಲ, ತಿರುಗಿ ಬರತೈತಿ” ಎಂದೆ.

“ಬರತೈತಿ,” ಎಂದಳು, “ಆದ್ರ ಯಾಕ ಕೊಡ್ಲಿ?”