ಅಕ್ಕನ ಕೈಗುಣ ಮತ್ತು ಸೀಲು ಹಾಕಿದ ಲಕೋಟೆ

ನಮ್ಮ ಕಡೆ ಒಳ್ಳೆಯ ನರ್ಸ್ ಬಗ್ಗೆ ಹೇಳುವಾಗ ‘ಅವರ ಕೈಗುಣ ಚೆನ್ನಾಗಿದೆ’ ಅಂತೀವಿ. ‘ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ ಸಿಸ್ಟರ್’ ಅನ್ನೋ ಮಾತೇ ಅವರಿಗೆ ಸಿಗುವ ದೊಡ್ಡ ಸರ್ಟಿಫಿಕೇಟು. ಆದರೆ ಅದೇ ನರ್ಸ್ ಕೆನಡಾಕ್ಕೋ ಅಮೆರಿಕಕ್ಕೋ ಹೋಗಿ ಕೆಲಸ ಮಾಡ್ತೀನಿ ಅಂದರೆ ಕೈಗುಣವನ್ನು ಯಾರೂ ಮೊದಲು ಕೇಳೋದಿಲ್ಲ. ಕೇಳೋದು ಕಾಗದ. ಓದಿದ್ದೇನು, ಎಷ್ಟು ಗಂಟೆ, ಎಲ್ಲಿ ನೋಂದಣಿ, ಎಷ್ಟು ವರ್ಷ ಕೆಲಸ ಅನ್ನೋದನ್ನು ಒಂದೊಂದಾಗಿ ತೂಗಿ ನೋಡುವ ಈ ಕೆಲಸಕ್ಕೆ ಕ್ರೆಡೆನ್ಷಿಯಲ್ ಅಸೆಸ್‌ಮೆಂಟ್ ಅಂತಾರೆ. ಹೊರಡುವವರೆಲ್ಲ ಐಇಎಲ್‌ಟಿಎಸ್ ಬಗ್ಗೆ ತಲೆ ಕೆಡಿಸಿಕೊಳ್ತಾರೆ. ಆದರೆ ತಿಂಗಳುಗಟ್ಟಲೆ ಕಾಯಿಸೋದು ಹೆಚ್ಚಾಗಿ ಇದೇ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಈ ವಿಷಯ ನನಗೆ ಗೊತ್ತಾಗಿದ್ದು ಅಕ್ಕನಿಂದ. ಅವಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಇಲ್ಲಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಏಳು ವರ್ಷ ದುಡಿದವಳು. 2020ರ ಕೋವಿಡ್ ದಿನಗಳಲ್ಲಿ ಪಿಪಿಇ ಕಿಟ್ ಒಳಗೆ ಬೆವರುತ್ತಾ ವೆಂಟಿಲೇಟರ್ ರೋಗಿಗಳನ್ನು ನೋಡಿಕೊಂಡವಳು. 2021ರಲ್ಲಿ ಭಾವನ ಕೆಲಸದ ಕಾರಣ ಕೆನಡಾದ ಒಂಟಾರಿಯೊಗೆ ಹೋದಳು. ಅಲ್ಲಿಂದ ಅವಳ ಕಾಗದಕ್ಕಾಗಿ ಇಲ್ಲಿ ಓಡಾಡುವ ಕೆಲಸ ನನ್ನದಾಯಿತು.

ಎರಡು ಅಸೆಸ್‌ಮೆಂಟ್, ಎರಡು ಕೆಲಸ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕೆನಡಾಕ್ಕೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕುವ ಎಂಜಿನಿಯರ್‌ಗಳೆಲ್ಲ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಡಿಗ್ರಿ ಅಸೆಸ್‌ಮೆಂಟ್ ಮಾಡಿಸ್ತಾರೆ. ‘ಇವರ ಬಿಇ ಕೆನಡಾದ ಬ್ಯಾಚುಲರ್ ಡಿಗ್ರಿಗೆ ಸಮ’ ಅಂತ ಒಂದು ವರದಿ ಬರುತ್ತೆ. ಅದು ವಲಸೆಯ ಅಂಕಗಳಿಗೆ ಸಾಕು. ನಮ್ಮಂಥವರಿಗೆ ಅಲ್ಲಿಗೆ ಕಥೆ ಮುಗೀತು. ಕೋಡ್ ಬರೆಯೋಕೆ ಯಾವ ದೇಶದಲ್ಲೂ ಲೈಸೆನ್ಸ್ ಕೇಳಲ್ಲ.

ನರ್ಸ್‌ಗೆ ಹಾಗಲ್ಲ. ವಲಸೆಗೆ ಮಾಡಿಸಿದ ಆ ವರದಿಯಿಂದ ವಾರ್ಡಿನೊಳಗೆ ಕಾಲಿಡೋಕೆ ಆಗಲ್ಲ. ಪ್ರತಿ ಪ್ರಾಂತ್ಯಕ್ಕೂ ಅದರದೇ ನಿಯಂತ್ರಣ ಸಂಸ್ಥೆ ಇದೆ, ಅಲ್ಲಿ ನೋಂದಣಿ ಆಗಬೇಕು. ಅದಕ್ಕಾಗಿ ವಿದೇಶದಲ್ಲಿ ಓದಿದ ನರ್ಸ್‌ಗಳ ದಾಖಲೆ ಒಂದೇ ಕಡೆ ಪರಿಶೀಲಿಸಲು ಕೆನಡಾದಲ್ಲಿ 2014ರಲ್ಲಿ ಎನ್‌ಎನ್‌ಎಎಸ್ ಶುರುವಾಯಿತು. ಅಕ್ಕ ಅರ್ಜಿ ಹಾಕಿದ್ದು ಅದಕ್ಕೇ. ಅಮೆರಿಕಕ್ಕೆ ಇಂಥದ್ದೇ ಕೆಲಸ ಮಾಡುವ ಸಂಸ್ಥೆ ಸಿಜಿಎಫ್‌ಎನ್‌ಎಸ್ ಅನ್ನೋ ಹೆಸರಿನಲ್ಲಿ 1977ರಲ್ಲೇ ಶುರುವಾಗಿತ್ತು.

‘ಪಿಆರ್ ಬಂತಲ್ಲ, ಇನ್ನೇನು?’ ಅಂತ ಊರಲ್ಲಿ ಎಲ್ಲರೂ ಅಮ್ಮನನ್ನು ಕೇಳೋರು. ಪಿಆರ್ ಬಂದರೆ ದೇಶದಲ್ಲಿ ಇರಬಹುದು, ಅಷ್ಟೇ. ನರ್ಸ್ ಅಂತ ಹೇಳಿಕೊಳ್ಳೋದು ಬೇರೆ ಮಾತು.

ಕಾಗದ ತಾನಾಗಿಯೇ ಹೋಗಬೇಕು

ಈ ಪರಿಶೀಲನೆಯ ಮುಖ್ಯ ನಿಯಮ ಒಂದೇ: ನಿಮ್ಮ ಕೈಯಲ್ಲಿರುವ ಸರ್ಟಿಫಿಕೇಟ್ ನಂಬಲ್ಲ. ಕಾಲೇಜು, ನರ್ಸಿಂಗ್ ಕೌನ್ಸಿಲ್, ಆಸ್ಪತ್ರೆ ಪ್ರತಿಯೊಂದೂ ತನ್ನ ಫಾರ್ಮ್ ತಾನೇ ತುಂಬಿ, ಸೀಲು ಹಾಕಿ, ನೇರವಾಗಿ ಅಲ್ಲಿಗೆ ಕಳಿಸಬೇಕು. ನಕಲಿ ಅಂಕಪಟ್ಟಿಗಳ ಕಾಲದಲ್ಲಿ ಇದರಲ್ಲಿ ತಪ್ಪೇನಿಲ್ಲ. ರೋಗಿಯ ಜೀವದ ಪ್ರಶ್ನೆ. ಆದರೆ ನಮ್ಮ ಕಚೇರಿಗಳ ವ್ಯವಸ್ಥೆ ‘ಬಂದು ಕೌಂಟರ್‌ನಲ್ಲಿ ತಗೊಂಡು ಹೋಗಿ’ ಅನ್ನೋ ಮೇಲೆ ನಡೆಯೋದು. ಕಷ್ಟ ಶುರುವಾಗೋದು ಅಲ್ಲೇ.

ಶಿಕ್ಷಣದ ಫಾರ್ಮ್‌ನಲ್ಲಿ ಪ್ರತಿ ವಿಷಯಕ್ಕೂ ಥಿಯರಿ ಎಷ್ಟು ಗಂಟೆ, ಕ್ಲಿನಿಕಲ್ ಎಷ್ಟು ಗಂಟೆ ಅಂತ ಬರೀಬೇಕು. ಮೆಡಿಕಲ್ ಸರ್ಜಿಕಲ್, ಮಕ್ಕಳ ವಿಭಾಗ, ಹೆರಿಗೆ, ಮನೋರೋಗ, ಎಲ್ಲದಕ್ಕೂ ಬೇರೆ ಬೇರೆ. ಜೊತೆಗೆ ಅಕ್ಕ ಓದಿದ ವರ್ಷದ ಸಿಲಬಸ್. ಈಗ ಬಿಎಸ್ಸಿ ನರ್ಸಿಂಗ್ ಸೆಮಿಸ್ಟರ್ ಪದ್ಧತಿಗೆ ಬಂದಿದೆ. ಅವಳದು ವಾರ್ಷಿಕ ಪದ್ಧತಿ. ಹೊಸ ಸಿಲಬಸ್ ಕಳಿಸಿದರೆ ಉಪಯೋಗವಿಲ್ಲ. ಅವಳ ಕಾಲೇಜಿನಲ್ಲಿ ಆ ಫಾರ್ಮ್ ನೋಡಿದ ಗುಮಾಸ್ತರು, ‘ಇದನ್ನೆಲ್ಲ ಯಾರು ತುಂಬ್ತಾರಪ್ಪಾ, ಮುಂದಿನ ವಾರ ಬಾ’ ಅಂದರು. ಆ ‘ಮುಂದಿನ ವಾರ’ ನಾಲ್ಕು ತಿಂಗಳು ಎಳೆಯಿತು. ಲಾಗ್‌ಬುಕ್ ತೆಗೆಸಿ, ಪ್ರಿನ್ಸಿಪಾಲ್ ಮೇಡಂ ಮುಂದೆ ಕೂತು ಒಂದೊಂದೇ ಸಾಲು ತುಂಬಿಸಿದ್ದಾಯಿತು.

ಆಸ್ಪತ್ರೆಯದು ಇನ್ನೊಂದು ಕಥೆ. ಎಚ್‌ಆರ್ ಪೂರ್ತಿ ಬದಲಾಗಿತ್ತು. ಹೊಸಬರಿಗೆ ಅಕ್ಕ ಯಾರು ಅಂತಲೇ ಗೊತ್ತಿಲ್ಲ. ಏಳು ವರ್ಷದ ಐಸಿಯು ಕೆಲಸಕ್ಕೆ ಅವರು ಮೊದಲು ಕೊಟ್ಟಿದ್ದು ‘ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿರುತ್ತಾರೆ’ ಅನ್ನೋ ಎರಡು ಸಾಲಿನ ಪತ್ರ. ಅಲ್ಲಿಗೆ ಬೇಕಾಗಿದ್ದು ಯಾವ ವಿಭಾಗ, ಎಷ್ಟು ಗಂಟೆ ಅನ್ನೋ ವಿವರ.

ಇದರ ಮೇಲೆ ಹೆಸರಿನ ತಾಪತ್ರಯ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರು, ಅಪ್ಪನ ಹೆಸರಿನ ಇನಿಷಿಯಲ್ ಇರುತ್ತೆ. ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿ ಬರೆದಿರುತ್ತೆ. ಮದುವೆ ಆದಮೇಲೆ ಗಂಡನ ಹೆಸರು ಸೇರುತ್ತೆ. ನಮಗೆ ಒಬ್ಬಳೇ ಅಕ್ಕ, ಕಂಪ್ಯೂಟರ್‌ಗೆ ಮೂವರು! ಮೂವರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿದ್ದಾಯಿತು.

ಓಡುವ ಎರಡು ಗಡಿಯಾರ

ಕಾಗದ ನಿಂತಲ್ಲೇ ನಿಂತಿದ್ದರೂ ಎರಡು ಗಡಿಯಾರ ಓಡ್ತಾನೇ ಇರುತ್ತವೆ. ಐಇಎಲ್‌ಟಿಎಸ್ ಅಂಕಕ್ಕೆ ಎರಡೇ ವರ್ಷ ಆಯಸ್ಸು. ಎರಡನೆಯದು ಇನ್ನೂ ಮುಖ್ಯ: ಇತ್ತೀಚಿನ ಕೆಲಸದ ಅನುಭವ. ಒಂಟಾರಿಯೊದಲ್ಲಿ ಆಗ ಕಳೆದ ಮೂರು ವರ್ಷದೊಳಗೆ ನರ್ಸ್ ಆಗಿ ಕೆಲಸ ಮಾಡಿದ ದಾಖಲೆ ಕೇಳ್ತಿದ್ದರು. ಲೈಸೆನ್ಸ್ ಇಲ್ಲದೆ ಕೆಲಸ ಮಾಡುವಂತಿಲ್ಲ, ಕೆಲಸ ಮಾಡದಿದ್ದರೆ ಲೈಸೆನ್ಸ್ ಕಷ್ಟ. ನಮ್ಮ ಭಾಷೆಯಲ್ಲಿ ಇದನ್ನು ಡೆಡ್‌ಲಾಕ್ ಅಂತೀವಿ.

ಅಕ್ಕ ಅಷ್ಟರಲ್ಲಿ ವೃದ್ಧಾಶ್ರಮವೊಂದರಲ್ಲಿ ಸಹಾಯಕಿಯಾಗಿ ಸೇರಿದ್ದಳು. ಸ್ನಾನ ಮಾಡಿಸೋದು, ಊಟ ಮಾಡಿಸೋದು, ಹಾಸಿಗೆ ಬದಲಿಸೋದು. ಒಂದು ರಾತ್ರಿ ಫೋನಿನಲ್ಲಿ ಹೇಳಿದಳು: “ಇವತ್ತು ಒಬ್ಬ ಅಜ್ಜನ ಉಸಿರಾಟ ನೋಡಿದ ತಕ್ಷಣ ನಂಗೆ ಗೊತ್ತಾಯ್ತು ಕಣೋ, ಏನೋ ಸರಿ ಇಲ್ಲ ಅಂತ. ಓಡಿ ಹೋಗಿ ನರ್ಸ್ ಕರೆದೆ. ಅಷ್ಟೇ ನಾನು ಮಾಡಬಹುದಾಗಿದ್ದು.” ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನೋವಾಗಿದ್ದು. “ಅಕ್ಕಾ, ವಾಪಸ್ ಬಂದುಬಿಡು” ಅಂದೆ. “ಬಂದು? ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅಂತಾಗೋದಾ? ನೀನು ಆಸ್ಪತ್ರೆ ಪತ್ರ ಬೇಗ ಮಾಡಿಸು” ಅಂದಳು.

ಕೊನೆಗೆ ವರದಿ ಬಂತು. ಕೆನಡಾದ ಪದವಿಯ ಜೊತೆ ನಮ್ಮ ಓದನ್ನು ಹೋಲಿಸಿ, ಎಲ್ಲಿ ಹೊಂದುತ್ತೆ, ಎಲ್ಲಿ ಕೊರತೆ ಅಂತ ಅದರಲ್ಲಿ ಹೇಳಿರ್ತಾರೆ. ಡಿಪ್ಲೊಮಾ ಆದ ಜಿಎನ್‌ಎಂ ಓದಿದವರಿಗೆ ಇಲ್ಲಿ ಹೆಚ್ಚು ಪೆಟ್ಟು, ಏಕೆಂದರೆ ಅಲ್ಲಿ ರಿಜಿಸ್ಟರ್ಡ್ ನರ್ಸ್‌ಗೆ ಸಾಮಾನ್ಯವಾಗಿ ಪದವಿ ಬೇಕು. ಅಕ್ಕನ ದಾರಿ ತೆರೆದಿದ್ದು 2022ರಲ್ಲಿ ಒಂಟಾರಿಯೊ ಶುರು ಮಾಡಿದ ಮೇಲ್ವಿಚಾರಣೆಯ ಕೆಲಸದ ಯೋಜನೆಯಿಂದ. ನೋಂದಾಯಿತ ನರ್ಸ್ ಒಬ್ಬರ ಕೈಕೆಳಗೆ ನಿಗದಿತ ಗಂಟೆ ಕೆಲಸ ಮಾಡಿದರೆ ಇತ್ತೀಚಿನ ಅನುಭವದ ಷರತ್ತೂ, ಭಾಷೆಯ ಷರತ್ತೂ ಪೂರೈಸಿದಂತೆ. ಡೆಡ್‌ಲಾಕ್ ಬಿಡಿಸೋದು ಅಂದರೆ ಇದು. ಇದಾದ ಮೇಲೆ ಎನ್‌ಸಿಎಲ್‌ಇಎಕ್ಸ್ ಪರೀಕ್ಷೆ: ನೀವು ಕೊಡುವ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಅಕ್ಕ ಪಾಸಾದಳು. ಕಾಗದ ಎರಡು ವರ್ಷ ತಿಂದಿದ್ದರೆ, ಅವಳಿಗೆ ಏನು ಬರುತ್ತೆ ಅಂತ ಕೇಳಿದ ಈ ಪರೀಕ್ಷೆ ಮುಗಿದಿದ್ದು ಒಂದೇ ದಿನದಲ್ಲಿ.

ಪರಿಶೀಲನೆ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಬೇರೆ ದಾರಿಗಳೂ ಇವೆ. ಬ್ರಿಟನ್‌ನಲ್ಲಿ ಒಂದು ಕಂಪ್ಯೂಟರ್ ಪರೀಕ್ಷೆ, ಆಮೇಲೆ ಅಲ್ಲಿಗೇ ಹೋಗಿ ಓಎಸ್‌ಸಿಇ ಅನ್ನೋ ಪ್ರಾಯೋಗಿಕ ಪರೀಕ್ಷೆ; ಕೈಕೆಲಸವನ್ನು ಕಣ್ಣಾರೆ ನೋಡ್ತಾರೆ. ಕೆನಡಾದ ನೋವಾ ಸ್ಕೋಶಿಯಾ 2023ರಲ್ಲಿ ಭಾರತವೂ ಸೇರಿ ಏಳು ದೇಶಗಳ ನರ್ಸ್‌ಗಳಿಗೆ ದಾರಿ ಚಿಕ್ಕದು ಮಾಡಿತು. ಆಗಬಹುದು ಅಂತಾಯಿತಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಹೊರಡುವವರಿದ್ದರೆ, ಇಷ್ಟು ಹೇಳಿ. ಕೆಲಸ ಬಿಡುವ ಮೊದಲೇ ಆಸ್ಪತ್ರೆಯಿಂದ ವಿಭಾಗ, ಗಂಟೆ ಸಮೇತ ಅನುಭವ ಪತ್ರ ತಗೊಳ್ಳಲಿ. ಕಾಲೇಜಿನಿಂದ ತಮ್ಮ ಬ್ಯಾಚಿನ ಸಿಲಬಸ್, ಕ್ಲಿನಿಕಲ್ ಗಂಟೆಗಳ ಪಟ್ಟಿ ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಲಿ. ನೇರವಾಗಿ ಕಳಿಸುವಾಗ ಕಾಲೇಜಿನವರಿಗೆ ಅದೇ ಆಧಾರವಾಗುತ್ತೆ. ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿರಲಿ. ಹೆಸರು ಎಲ್ಲ ಕಡೆ ಒಂದೇ ರೀತಿ ಮಾಡಿಸಿಕೊಳ್ಳಲಿ. ಐಇಎಲ್‌ಟಿಎಸ್ ಮೊದಲು ಬರೆಯೋದು ಬೇಡ, ಕಾಗದಗಳು ಹೊರಟ ಮೇಲೆ ಬರೆದರೆ ಸಾಕು. ಹೋಗುವ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯ ಇವತ್ತಿನ ನಿಯಮವನ್ನು ಅವರ ವೆಬ್‌ಸೈಟ್‌ನಲ್ಲೇ ಓದಲಿ, ಏಜೆಂಟ್ ಬಾಯಲ್ಲಿ ಅಲ್ಲ. ನಿಯಮಗಳು ಈಚೆಗೆ ಬೇಗ ಬೇಗ ಬದಲಾಗ್ತಿವೆ.

ಮತ್ತೆ, ಇಲ್ಲಿ ಓಡಾಡೋಕೆ ಒಬ್ಬ ತಮ್ಮನನ್ನೋ ತಂಗಿಯನ್ನೋ ಗೊತ್ತು ಮಾಡಿಟ್ಟೇ ವಿಮಾನ ಹತ್ತಲಿ.