ಗಿರಾಕಿಯ ವೇಷದಲ್ಲಿ ಬರುವ ಮೋಸ

"ಇಂದು ರೋಖ, ನಾಳೆ ಉದ್ರಿ" ಎಂಬ ಹಲಗೆಯನ್ನು ತೂಗುಹಾಕಿದ ಅಂಗಡಿಗಳು ನಮ್ಮ ನಾಡಿನ ಪೇಟೆಗಳಿಗೆ ಹೊಸವಲ್ಲ. ಹಲಗೆಯನ್ನು ಓದಿ ನಕ್ಕ ಗಿರಾಕಿಯೇ ಮರುಗಳಿಗೆಯಲ್ಲಿ ಉದ್ರಿ ಕೇಳುವುದೂ, ಅಂಗಡಿಕಾರನು ತಾನೂ ನಕ್ಕು ಪುಸ್ತಕದಲ್ಲಿ ಬರೆದುಕೊಳ್ಳುವುದೂ ಅಷ್ಟೇ ಹಳೆಯ ಸಂಗತಿ. ಸುಗ್ಗಿ ಮುಗಿದಾಗ ಅಥವಾ ಕಬ್ಬಿನ ಬಿಲ್ಲು ಕೈಸೇರಿದಾಗ ಬಾಕಿ ತೀರುತ್ತದೆ. ವ್ಯಾಪಾರವೆಂಬುದು ಹೀಗೆ ನಂಬಿಕೆಯ ಮೇಲೆ ನಿಂತ ಕಸುಬು. ಆ ನಂಬಿಕೆಯನ್ನೇ ತಮ್ಮ ಬಂಡವಾಳವನ್ನಾಗಿ ಮಾಡಿಕೊಂಡು ಬರುವ ಗಿರಾಕಿಗಳೂ ಇಲ್ಲದಿಲ್ಲ. ಇಂಥವರನ್ನು ಗುರುತಿಸುವ ಬಗೆ ಯಾವುದು? ಪ್ರಾಮಾಣಿಕನಾದ ಗಿರಾಕಿಯ ಮನಸ್ಸು ನೋಯದಂತೆ ಇವರನ್ನು ದೂರವಿಡುವ ಬಗೆ ಯಾವುದು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವುಂಟು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಈ ಊರುಗಳಲ್ಲಿ ಗಡಿಯೂ ಪೇಟೆಯೂ ಒಂದರೊಳಗೊಂದು ಬೆರೆತಿವೆ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಕೊಲ್ಲಾಪುರ; ಕಾಗವಾಡದಿಂದ ಹೊರಟರೆ ಮಿರಜ, ಸಾಂಗ್ಲಿ. ಕನ್ನಡದಲ್ಲಿ ಮಾತನ್ನಾರಂಭಿಸಿ ಮರಾಠಿಯಲ್ಲಿ ಮುಗಿಸುವ ಗಿರಾಕಿ ಇಲ್ಲಿ ಯಾರಿಗೂ ಅಪರಿಚಿತನೆನಿಸುವುದಿಲ್ಲ. ಹೊಸ ಮುಖ ಕಂಡರೆ ಸಂಶಯವೂ ಹುಟ್ಟುವುದಿಲ್ಲ. ವ್ಯಾಪಾರಕ್ಕೆ ಇದೊಂದು ವರವೇ ಸರಿ. ಆದರೆ ಕೈಕೊಟ್ಟು ಹೋದವನು ಅರ್ಧ ತಾಸಿನಲ್ಲಿ ಇನ್ನೊಂದು ರಾಜ್ಯದಲ್ಲಿರಬಲ್ಲನೆಂಬುದೂ ಅಷ್ಟೇ ನಿಜ.

ಸಣ್ಣ ಅಂಗಡಿಗೆ ತಗಲುವ ಪೆಟ್ಟು ಹೊರಗೆ ಕಾಣುವುದಕ್ಕಿಂತ ದೊಡ್ಡದು. ಕಿರಾಣಿ ಅಂಗಡಿಯೊಂದಕ್ಕೆ ನೂರು ರೂಪಾಯಿಯ ಮಾರಾಟದಲ್ಲಿ 5 ರೂಪಾಯಿ ಲಾಭ ಉಳಿಯುವುದೆಂದು ಭಾವಿಸೋಣ. 2,000 ರೂಪಾಯಿಯ ಸಾಮಾನನ್ನು ಒಬ್ಬನು ಮೋಸದಿಂದ ಒಯ್ದರೆ ಅಂಗಡಿಯ ಕೈಯಿಂದ ಹೋದದ್ದು 1,900 ರೂಪಾಯಿಯ ಅಸಲು. ಇದನ್ನು ತುಂಬಿಕೊಳ್ಳಲು ಇನ್ನೂ 38,000 ರೂಪಾಯಿಯ ವ್ಯಾಪಾರ ನಡೆಯಬೇಕು. ಕೆಲವು ಅಂಗಡಿಗಳಿಗೆ ಅದು ಎಷ್ಟೋ ದಿನಗಳ ದುಡಿಮೆ. ಮಗಳ ಕಾಲೇಜಿನ ಶುಲ್ಕವೋ ಮನೆಯ ಬಾಡಿಗೆಯೋ ಅದರಲ್ಲಿಯೇ ಅಡಗಿರುತ್ತದೆ.

ತೋರಿಸಿದ್ದೆಲ್ಲ ಹಣವಲ್ಲ

2016ರಲ್ಲಿ ಯುಪಿಐ ಪದ್ಧತಿ ಬಂದಿತು. ಅದೇ ವರ್ಷದ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದವು. ಅಲ್ಲಿಂದೀಚೆಗೆ ಚಹದ ಅಂಗಡಿಯಲ್ಲಿಯೂ ಕಾಯಿಪಲ್ಲೆಯ ಬುಟ್ಟಿಯ ಮುಂದೆಯೂ ಚೌಕದ ಸಂಕೇತಪಟ್ಟಿ ಬಂದು ಕುಳಿತಿತು. ಚಿಲ್ಲರೆಯ ಜಗಳ ತಪ್ಪಿತೇನೋ ನಿಜ. ಆದರೆ ಅದರ ಬೆನ್ನಿಗೇ ಮೋಸವೂ ತನ್ನ ವೇಷವನ್ನು ಬದಲಿಸಿತು.

ಇವುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಸುಳ್ಳು ಚಿತ್ರ. ಜನ ತುಂಬಿದ ಹೊತ್ತಿನಲ್ಲಿ ಗಿರಾಕಿಯು ಸಾಮಾನು ಕಟ್ಟಿಸಿಕೊಂಡು ಮೊಬೈಲನ್ನು ಮುಂದೆ ಹಿಡಿಯುತ್ತಾನೆ. ಹಸಿರು ಗುರುತು, ಅಂಗಡಿಯ ಹೆಸರು, ಮೊತ್ತ, ವೇಳೆ, ಎಲ್ಲವೂ ಅಲ್ಲಿರುತ್ತವೆ. ಹಣ ಮಾತ್ರ ಖಾತೆಗೆ ಬಂದಿರುವುದಿಲ್ಲ. ಇಂಥ ಚಿತ್ರವನ್ನು ಹುಟ್ಟಿಸಿಕೊಡುವ ನಕಲಿ ಆ್ಯಪುಗಳೇ ಇವೆ. ಆದುದರಿಂದ ಗಿರಾಕಿಯ ಮೊಬೈಲು ಸಾಕ್ಷಿಯಲ್ಲ; ಅಂಗಡಿಯ ಖಾತೆಯೇ ಸಾಕ್ಷಿ. ಧ್ವನಿಪೆಟ್ಟಿಗೆ ಕೂಗಬೇಕು, ಇಲ್ಲವೆ ತನ್ನ ಖಾತೆಯಲ್ಲಿ ಜಮಾ ಆದುದನ್ನು ಅಂಗಡಿಕಾರನು ಕಣ್ಣಾರೆ ನೋಡಬೇಕು. ಮೊಬೈಲಿಗೆ ಬರುವ ಬರಿಯ ಸಂದೇಶವನ್ನೂ ನಂಬಲಾಗದು. ಬ್ಯಾಂಕಿನ ಹೆಸರಿನಲ್ಲಿ ಯಾರು ಬೇಕಾದರೂ ಸಂದೇಶ ಬರೆಯಬಹುದು.

"ಅಣ್ಣಾರ, ರೊಕ್ಕ ಹಾಕೇನ್ರಿ, ನೋಡ್ರಿ ಇಲ್ಲಿ. ಬಸ್ಸು ಹೊಂಟೈತಿ."

"ತಡೀರಿ ಅಣ್ಣಾರ, ನಮ್ಮ ಪೆಟಗಿ ಒಮ್ಮೆ ಕೂಗಲಿ. ಎಲ್ಲಾರಿಗೂ ಇದ ರೂಢಿ ಐತ್ರಿ."

ಈ ಎರಡನೆಯ ಮಾತನ್ನು ನಗುನಗುತ್ತ ಹೇಳಲು ಕಲಿತ ಅಂಗಡಿಕಾರನು ಅರ್ಧ ಗೆದ್ದಂತೆ.

ಎರಡನೆಯ ಉಪಾಯವು ಇದಕ್ಕಿಂತ ನಯವಾದುದು. "ಸಾವಿರದ ಬದಲು ಹತ್ತು ಸಾವಿರ ಬಂದುಬಿಟ್ಟಿದೆ, ಉಳಿದುದನ್ನು ಮರಳಿ ಹಾಕಿ" ಎಂದು ಗಿರಾಕಿಯು ಗಾಬರಿಯಿಂದ ಕೇಳುತ್ತಾನೆ. ಹಣವು ಬಂದೇ ಇರುವುದಿಲ್ಲ. ಒಂದು ವೇಳೆ ನಿಜವಾಗಿ ಬಂದಿದ್ದರೂ ಅದು ಇನ್ನಾರಿಂದಲೋ ಕದ್ದ ಹಣವಾಗಿರಬಹುದು. ಪೊಲೀಸರ ಸೂಚನೆಯ ಮೇರೆಗೆ ಬ್ಯಾಂಕು ಅಂಗಡಿಯ ಖಾತೆಗೇ ತಡೆ ಹಾಕಬಹುದು. ಹೆಚ್ಚಾದ ಹಣವನ್ನು ಬ್ಯಾಂಕಿನ ಮೂಲಕವೇ ಮರಳಿಸುತ್ತೇನೆಂದು ಹೇಳುವುದೇ ಇಲ್ಲಿ ಸರಿಯಾದ ಉತ್ತರ.

ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆಯಾದ ಪಿನ್ ಬೇಕಾಗಿಲ್ಲವೆಂಬುದನ್ನು ಮನೆಯ ಹಿರಿಯರೂ ಅಂಗಡಿಯ ಹುಡುಗರೂ ಬಾಯಿಪಾಠ ಮಾಡಿಕೊಳ್ಳಬೇಕು. ಪಿನ್ ಒತ್ತಿದೊಡನೆ ಹಣ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದೊಡನೆ ಸಂಕೇತಪಟ್ಟಿಯ ಮೇಲೆ ಬೇರೆ ಚೀಟಿಯನ್ನು ಯಾರಾದರೂ ಅಂಟಿಸಿರುವರೇ ಎಂದು ನೋಡುವುದೂ ಒಳ್ಳೆಯ ಅಭ್ಯಾಸ.

ನೋಟಿನ ಪರೀಕ್ಷೆ

ಮೊಬೈಲು ಬಂದಿತೆಂದು ನೋಟು ಹೋಗಲಿಲ್ಲ. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ನೆರೆದಾಗ ಕರ್ನಾಟಕ, ಮಹಾರಾಷ್ಟ್ರಗಳೆರಡರಿಂದಲೂ ಜನಸಾಗರ ಹರಿದುಬರುತ್ತದೆ. ಭಂಡಾರ, ಕಾಯಿ, ಬಳೆ, ಬೆಂಡು ಬತ್ತಾಸುಗಳ ಅಂಗಡಿಗಳಲ್ಲಿ ಕೈಗೆ ಬಿಡುವಿರುವುದಿಲ್ಲ. ಖೋಟಾ ನೋಟು ದಾಟಿಸುವವನಿಗೆ ಇಂಥ ನೂಕುನುಗ್ಗಲೇ ಬೇಕು. ಹತ್ತು ಇಪ್ಪತ್ತು ರೂಪಾಯಿಯ ಸಾಮಾನು ಕೊಂಡು 500ರ ನೋಟು ಕೊಟ್ಟು ಚಿಲ್ಲರೆ ಒಯ್ಯುವುದೇ ಅವನ ವ್ಯಾಪಾರ.

500ರ ನೋಟನ್ನು ಪರೀಕ್ಷಿಸಲು ಯಂತ್ರ ಬೇಕಾಗಿಲ್ಲ. ಮೂರು ಗುರುತುಗಳು ಸಾಕು. ಮೊದಲನೆಯದು ನೋಟಿನೊಳಗಿನ ದಾರ: ನೋಟನ್ನು ಓರೆ ಮಾಡಿದಾಗ ಅದರ ಬಣ್ಣ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಎರಡನೆಯದು ಬೆಳಕಿಗೆ ಹಿಡಿದಾಗ ಕಾಣುವ ಗಾಂಧೀಜಿಯವರ ನೀರುಗುರುತು. ಮೂರನೆಯದು ಎಡ ಬಲ ಅಂಚುಗಳಲ್ಲಿ ಬೆರಳಿಗೆ ಉಬ್ಬಾಗಿ ತಗಲುವ ಐದು ಗೆರೆಗಳು. ಇವು ದೃಷ್ಟಿಹೀನರ ಅನುಕೂಲಕ್ಕೆಂದು ಮುದ್ರಿಸಿದವುಗಳಾದರೂ ಕಣ್ಣಿದ್ದವರಿಗೂ ಅಷ್ಟೇ ಉಪಯುಕ್ತ.

ಖೋಟಾ ನೋಟು ಕೈಗೆ ಬಂದಿತೆಂದು ತಿಳಿದ ಮೇಲೆ "ಯಾರಿಗಾದರೂ ದಾಟಿಸಿಬಿಡೋಣ" ಎಂಬ ಆಸೆ ಹುಟ್ಟುವುದು ಸಹಜ. ಮೋಸ ಹೋದವನು ಮೋಸಗಾರನಾಗುವುದು ಈ ಗಳಿಗೆಯಲ್ಲಿಯೇ. ಖೋಟಾ ಎಂದು ತಿಳಿದೂ ತಿಳಿದೂ ನೋಟನ್ನು ಚಲಾಯಿಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 179ನೆಯ ಕಲಮಿನ ಪ್ರಕಾರ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು. ನೋಟನ್ನು ಬ್ಯಾಂಕಿಗೆ ಒಯ್ದರೆ ಅವರು ಮುದ್ರೆಯೊತ್ತಿ ತಮ್ಮಲ್ಲಿ ಇರಿಸಿಕೊಂಡು ರಸೀದಿ ಕೊಡುತ್ತಾರೆ. ಹಣ ಮರಳುವುದಿಲ್ಲವಾದರೂ ಮಾನ ಉಳಿಯುತ್ತದೆ.

ನೋಟು ಸಾಚಾ ಇದ್ದಾಗಲೂ ಲೆಕ್ಕದಲ್ಲಿ ಮೋಸ ನಡೆಯಬಹುದು. ದೊಡ್ಡ ನೋಟು ಕೊಟ್ಟು ಚಿಲ್ಲರೆ ಎಣಿಸುವಷ್ಟರಲ್ಲಿ "ಬೇಡ, ಆ ನೋಟು ಕೊಡಿ, ಇದನ್ನು ತೆಗೆದುಕೊಳ್ಳಿ" ಎಂದು ನಾಲ್ಕು ಸಲ ಮಾತು ಬದಲಿಸಿ ತಲೆ ಕೆಡಿಸುವವರುಂಟು. ಇದಕ್ಕೆ ಹಳೆಯ ವ್ಯಾಪಾರಿಗಳ ಮದ್ದೇ ಮದ್ದು: ಚಿಲ್ಲರೆ ಎಣಿಸಿ ಕೊಡುವವರೆಗೆ ಗಿರಾಕಿಯ ನೋಟು ಗಲ್ಲಾಪೆಟ್ಟಿಗೆಯ ಒಳಗೆ ಬೀಳಬಾರದು; ಅದು ಮೇಲೆಯೇ ಇಬ್ಬರಿಗೂ ಕಾಣುವಂತಿರಬೇಕು.

ದೊಡ್ಡ ಆರ್ಡರಿನ ಆಸೆ

ಅಥಣಿಯ ಚಪ್ಪಲಿಯ ಕೀರ್ತಿ ದೂರ ಹಬ್ಬಿದೆ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಪಾಲು ಪಡೆದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನಿನ ಪ್ರದರ್ಶನದಲ್ಲಿ ಇದನ್ನೇ ಹೋಲುವ ಪಾದರಕ್ಷೆಗಳನ್ನು ತೋರಿಸಿ ದೊಡ್ಡ ಚರ್ಚೆಯನ್ನೆಬ್ಬಿಸಿತು. ಇಷ್ಟು ಹೆಸರಾದ ಮೇಲೆ ಕಂಡರಿಯದ ಊರುಗಳಿಂದ ದೂರವಾಣಿಯಲ್ಲಿ "ಇನ್ನೂರು ಜೊತೆ ಬೇಕು" ಎಂಬ ಮಾತು ಬರುವುದು ಸಹಜ. ಅವುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದನ್ನು ಆರಿಸಿ ತೆಗೆಯುವುದೇ ಕಷ್ಟ.

ದೇಶದ ತುಂಬ ನಡೆದಿರುವ ಒಂದು ಮೋಸದ ರೀತಿಯನ್ನು ಇಲ್ಲಿ ಹೇಳಬೇಕು. ತಾನು ಸೈನ್ಯದವನೆಂದು ಒಬ್ಬನು ಅಂಗಡಿಗೋ ಖಾನಾವಳಿಗೋ ದೂರವಾಣಿ ಮಾಡುತ್ತಾನೆ. ದರದ ಬಗ್ಗೆ ಚೌಕಾಸಿಯನ್ನೇ ಮಾಡದೆ ದೊಡ್ಡ ಆರ್ಡರು ಕೊಡುತ್ತಾನೆ. ಸಮವಸ್ತ್ರದ ಚಿತ್ರವನ್ನೂ ಗುರುತಿನ ಚೀಟಿಯನ್ನೂ ಕಳುಹಿಸುತ್ತಾನೆ. ಕೊನೆಗೆ "ಸೈನ್ಯದ ಪಾವತಿಯ ಪದ್ಧತಿಯೇ ಬೇರೆ, ಮೊದಲು ನೀವು ಸ್ವಲ್ಪ ಹಣ ಹಾಕಿ, ಇಮ್ಮಡಿಯಾಗಿ ಮರಳುತ್ತದೆ" ಎನ್ನುತ್ತಾನೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಿರುವುದರಿಂದ ಈ ಭಾಗದವರಿಗೆ ಸೈನಿಕರೆಂದರೆ ಗೌರವ ಹೆಚ್ಚು. ಆ ಗೌರವವನ್ನೇ ಮೋಸಗಾರನು ಬಳಸಿಕೊಳ್ಳುತ್ತಾನೆ. ಆದರೆ ಕೊಳ್ಳುವವನು ಮಾರುವವನಿಂದ ಹಣ ಕೇಳುವ ವ್ಯಾಪಾರವೆಂಬುದು ಲೋಕದಲ್ಲಿಲ್ಲ. ಇದೊಂದನ್ನು ನೆನಪಿಟ್ಟರೆ ಸಾಕು.

ಸಗಟು ಗಿರಾಕಿಯು ತಾನು ನೋಂದಾಯಿತ ವ್ಯಾಪಾರಿಯೆಂದು ಹೇಳಿದರೆ ಅವನ ಜಿಎಸ್‌ಟಿ ಸಂಖ್ಯೆಯನ್ನು ಕೇಳಬೇಕು. ಹದಿನೈದು ಅಕ್ಷರಾಂಕಗಳ ಆ ಸಂಖ್ಯೆ ಕರ್ನಾಟಕದ್ದಾದರೆ 29ರಿಂದಲೂ ಮಹಾರಾಷ್ಟ್ರದ್ದಾದರೆ 27ರಿಂದಲೂ ಆರಂಭವಾಗುತ್ತದೆ. ಸಾಂಗ್ಲಿಯ ವ್ಯಾಪಾರಿಯೆಂದವನ ಸಂಖ್ಯೆ ಬೇರೆ ಅಂಕದಿಂದ ತೊಡಗಿದರೆ ಅಲ್ಲಿಯೇ ನಿಂತು ವಿಚಾರಿಸಬೇಕು. ಸಂಖ್ಯೆ ಯಾರ ಹೆಸರಿನಲ್ಲಿದೆ ಎಂಬುದನ್ನು ಸರಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮತ್ತೊಬ್ಬರ ಸಂಖ್ಯೆಯನ್ನು ಹೇಳುವವರೂ ಇರುವುದರಿಂದ ಮಾಲನ್ನು ಅಲ್ಲಿ ನೋಂದಾಯಿಸಿದ ವಿಳಾಸಕ್ಕೇ ಕಳುಹಿಸುವುದು ಲೇಸು. ಹೊಸಬನ ಮೊದಲ ಆರ್ಡರಿಗೆ ಮುಂಗಡ ಹಣ ಪಡೆಯುವುದಂತೂ ಕಡ್ಡಾಯವಾಗಿರಲಿ.

ಚೆಕ್ಕು, ಉದ್ರಿ, ಗಡಿ

"ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆಯ ಕಹಿಯನ್ನು ನಿಪ್ಪಾಣಿ ಬಲ್ಲದು. ಅಲ್ಲಿಯ ತಂಬಾಕು ಬೆಳೆಗಾರನಿಗೆ ವರ್ತಕನೇ ಗಿರಾಕಿ. ಬೆಲೆ ಕಟ್ಟುವ ಅಧಿಕಾರವು ಕೊಂಡವರ ಕೈಯಲ್ಲಿಯೇ ಉಳಿದಿದೆಯೆಂಬ ಅಸಮಾಧಾನವು 1981ರಲ್ಲಿ ಶರದ ಜೋಶಿಯವರ ಮುಂದಾಳುತನದಲ್ಲಿ ಚಳುವಳಿಯಾಗಿ ಹೊರಬಿದ್ದಿತು. ರೈತರು ಹೆದ್ದಾರಿಯನ್ನು ತಡೆದು ಕುಳಿತರು. ಏಪ್ರಿಲ್ 6ರಂದು ಗುಂಡು ಹಾರಿ ಹಲವು ಮಂದಿ ಪ್ರಾಣ ಬಿಟ್ಟರು. ಅಲ್ಲಿ ನಡೆದುದು ಬೆಲೆಯ ಹೋರಾಟವೇ ಹೊರತು ಯಾರೋ ಒಬ್ಬನ ಮೋಸದ ಕಥೆಯಲ್ಲ. ಆದರೂ ಮಾಲು ಕೈಬಿಡುವ ಮೊದಲು ಬೆಲೆಯೂ ಪಾವತಿಯ ದಿನವೂ ಬರಹದಲ್ಲಿರಬೇಕೆಂಬ ಪಾಠವನ್ನು ಅದರಿಂದ ಸಣ್ಣ ವ್ಯಾಪಾರಿಗಳೂ ಕಲಿಯಬಹುದು.

ಚೆಕ್ಕು ಕೊಟ್ಟೊಡನೆ ಹಣ ಬಂದಂತಲ್ಲ. ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು. ಖಾತೆಯಲ್ಲಿ ಹಣವಿಲ್ಲದೆ ಅದು ಮರಳಿದರೆ, ಬ್ಯಾಂಕು ತಿಳಿಸಿದ 30 ದಿನಗಳೊಳಗೆ ಲಿಖಿತ ನೋಟೀಸು ಕಳುಹಿಸಬೇಕು. ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಕೊಡಬೇಕು. ಈ ದಿನಗಳ ಲೆಕ್ಕ ತಪ್ಪಿತೆಂದರೆ ಹಕ್ಕು ಕೈತಪ್ಪುವ ಭಯವುಂಟು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನ ಪ್ರಕಾರ ಈ ಅಪರಾಧಕ್ಕೆ ಎರಡು ವರ್ಷಗಳವರೆಗೆ ಸೆರೆವಾಸವನ್ನೋ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡವನ್ನೋ ಅಥವಾ ಎರಡನ್ನೂ ವಿಧಿಸಬಹುದು.

ಗಡಿಯ ವ್ಯಾಪಾರಿಗೆ ಸಮಾಧಾನ ತರುವ ಮಾತೊಂದಿದೆ. 2014ರ ಸುಪ್ರೀಂ ಕೋರ್ಟಿನ ತೀರ್ಪಿನ ತರುವಾಯ, ಚೆಕ್ಕು ಕೊಟ್ಟವನ ಬ್ಯಾಂಕು ಇರುವ ಊರಿನಲ್ಲಿಯೇ ಮೊಕದ್ದಮೆ ಹೂಡಬೇಕಾಗಿದ್ದಿತು. ಅಥಣಿಯವನು ಪುಣೆಗೆ ಅಲೆಯಬೇಕಾದ ಪರಿಸ್ಥಿತಿ ಅದು. 2015ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಚೆಕ್ಕನ್ನು ತನ್ನ ಖಾತೆಗೆ ಹಾಕಿದವನು ಆ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ದೂರು ಕೊಡುವಂತಾಯಿತು.

ಉದ್ರಿಯ ಮಾತು ಬೇರೆ. ಊರ ಗಿರಾಕಿಗೆ ಉದ್ರಿಯನ್ನು ಪೂರ್ತಿ ನಿಲ್ಲಿಸಿದರೆ ವ್ಯಾಪಾರವೇ ನಿಂತೀತು. ಆದರೆ ಪ್ರತಿಯೊಬ್ಬರಿಗೂ ಒಂದು ಮಿತಿ ಇರಬೇಕು. ಹಳೆಯ ಬಾಕಿ ತೀರದೆ ಹೊಸದು ಏರಬಾರದು. ಪುಸ್ತಕದಲ್ಲಿ ಬರೆದುದಕ್ಕೆ ಗಿರಾಕಿಯ ಸಹಿ ಬೀಳಬೇಕು. ಮೋಸದ ಉದ್ರಿಗೆ ಒಂದು ಲಕ್ಷಣವಿದೆ. ಮೊದಲೆರಡು ಸಲ ಸಣ್ಣ ಮೊತ್ತವನ್ನು ಹೇಳಿದ ದಿನಕ್ಕಿಂತ ಮೊದಲೇ ತಂದುಕೊಟ್ಟು ಹೆಸರು ಗಳಿಸುವುದು. ಮೂರನೆಯ ಸಲ ದೊಡ್ಡ ಗಂಟು ಕಟ್ಟಿಸಿಕೊಂಡು ಕಣ್ಮರೆಯಾಗುವುದು.

ಭಿಡೆಯೇ ಬಾಗಿಲು

ಇಷ್ಟೆಲ್ಲ ಬಗೆಗಳನ್ನು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಂಗಡಿಕಾರನು ಮೋಸ ಹೋಗುವುದು ಅಜ್ಞಾನದಿಂದ ಮಾತ್ರವಲ್ಲ. ಅದಕ್ಕಿಂತ ಹೆಚ್ಚಾಗಿ ಭಿಡೆಯಿಂದ. ಎದುರಿನವನು ಅವಸರಪಡಿಸುತ್ತಾನೆ, ದೊಡ್ಡವರ ಹೆಸರು ಹೇಳುತ್ತಾನೆ, "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಮುನಿಯುತ್ತಾನೆ. ಸಂಶಯ ಹುಟ್ಟಿದರೂ ಕೇಳಲು ನಾಚಿಕೆ. ಆ ನಾಚಿಕೆಯ ಬಾಗಿಲಿನಿಂದಲೇ ಮೋಸವು ಒಳಗೆ ಬರುತ್ತದೆ.

ಇದಕ್ಕೆ ಇರುವ ಮದ್ದು ಒಂದೇ: ಅಂಗಡಿಗೆ ಒಂದು ನಿಯಮವಿರಬೇಕು, ಅದು ಎಲ್ಲರಿಗೂ ಸಮನಾಗಿರಬೇಕು. ಧ್ವನಿಪೆಟ್ಟಿಗೆ ಕೂಗದೆ ಸಾಮಾನು ಹೊರಬೀಳದು. ದೊಡ್ಡ ನೋಟನ್ನು ನೋಡದೆ ಚಿಲ್ಲರೆ ಕೊಡುವುದಿಲ್ಲ. ಮುಂಗಡವಿಲ್ಲದೆ ಹೊಸ ಆರ್ಡರಿಲ್ಲ. ಭಾವನವರಿಗೂ ಇದೇ, ಬಸ್ಸಿನಿಂದಿಳಿದ ಅಪರಿಚಿತನಿಗೂ ಇದೇ. ನಿಯಮ ಎಲ್ಲರಿಗಿದ್ದರೆ ಯಾರಿಗೂ ಅವಮಾನವಿಲ್ಲ. ನಿಯಮವಿಲ್ಲದ ಅಂಗಡಿಯಲ್ಲಿ ಸಂಶಯವು ಮಾಸಿದ ಅಂಗಿಯವನ ಮೇಲೆ ಬೀಳುತ್ತದೆ. ದಿನಗೂಲಿಯ ನೋಟನ್ನು ಮೂರು ಸಲ ತಿರುಗಿಸಿ ನೋಡಿ, ಕಾರಿನಿಂದಿಳಿದವನ ಮೊಬೈಲಿಗೆ ತಲೆಬಾಗುತ್ತಾರೆ. ಮೋಸಗಾರನು ಒಳ್ಳೆಯ ಅಂಗಿಯನ್ನು ತೊಟ್ಟುಬರುವುದು ಇದನ್ನು ಅರಿತೇ.

ಎಷ್ಟು ಎಚ್ಚರವಿದ್ದರೂ ಕೆಲವೊಮ್ಮೆ ಮೋಸ ನಡೆದೇ ಹೋಗುತ್ತದೆ. ಆಗ ಮರ್ಯಾದೆಗೆ ಅಂಜಿ ಮುಚ್ಚಿಡಬಾರದು. ಮೊಬೈಲಿನ ಹಣದ ಮೋಸವಾದರೆ ಒಡನೆಯೇ 1930ಕ್ಕೆ ದೂರವಾಣಿ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಂಭವ ಹೆಚ್ಚು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧವು ಎಲ್ಲಿಯೇ ನಡೆದಿರಲಿ, ಯಾವುದೇ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು. ವಂಚಿಸಿ ಸೊತ್ತನ್ನು ಒಯ್ಯುವುದೂ ಅಂಥ ಅಪರಾಧವೇ. "ಅದು ಮಿರಜಿನ ಮಾತು, ಕಾಗವಾಡದ್ದಲ್ಲ" ಎಂದು ದೂರುದಾರನನ್ನು ಮರಳಿ ಕಳುಹಿಸುವಂತಿಲ್ಲ. ಬಿಲ್ಲು, ಸಂದೇಶಗಳು, ದೂರವಾಣಿಯ ಸಂಖ್ಯೆ, ಕ್ಯಾಮರಾ ಇದ್ದರೆ ಅದರ ಚಿತ್ರ, ಇವನ್ನೆಲ್ಲ ಜೋಪಾನವಾಗಿಟ್ಟಿರಬೇಕು.

ನೆರೆಯ ಅಂಗಡಿಯವರಿಗೆ ಆ ದಿನವೇ ತಿಳಿಸುವುದೂ ಮುಖ್ಯ. ಒಂದು ಅಂಗಡಿಯಲ್ಲಿ ಗೆದ್ದ ಮೋಸಗಾರನು ಸಂಜೆಗೆ ಅದೇ ಬೀದಿಯ ಇನ್ನೊಂದು ಅಂಗಡಿಯನ್ನು ಹೊಕ್ಕಬಹುದು. ಪೈಪೋಟಿಯೇನಿದ್ದರೂ ದರದಲ್ಲಿರಲಿ, ಎಚ್ಚರಿಕೆಯ ಮಾತಿನಲ್ಲಿ ಬೇಡ.