ಉಪ್ಪಿನಲ್ಲಿ ಮುಚ್ಚಿದರೆ ನೀರಲ್ಲಿ ಮುಳುಗಿದ ಮಗು ಬದುಕುತ್ತಾ? ಬೇಸಿಗೆ ಪಿಕ್ನಿಕ್, ಬರ್ತ್‌ಡೇ ಫಾರ್ವರ್ಡ್‌ಗಳ ನಿಜ–ಸುಳ್ಳು

ಶಾಲೆಗೆ ರಜೆ ಬಿದ್ದಿದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಿಗೆ ಮೊಮ್ಮಕ್ಕಳು ಬಂದಿಳಿದಿದ್ದಾರೆ. ಇದೇ ಹೊತ್ತಿಗೆ ಮನೆಯ ಪುಟಾಣಿಯ ಹುಟ್ಟುಹಬ್ಬವೂ ಬಂದರೆ ಕೇಳಬೇಕೇ? ದೇವಲ ಗಾಣಗಾಪುರದ ಸಂಗಮಕ್ಕೋ, ಘತ್ತರಗಿ ಭಾಗ್ಯವಂತಿ ಗುಡಿಗೋ, ಸೊನ್ನ ಬ್ಯಾರೇಜ್ ನೋಡಲಿಕ್ಕೋ, ಅಮರ್ಜಾ ಜಲಾಶಯದ ಕಡೆಗೋ ಟಂಟಂ ಮಾಡಿಕೊಂಡು ಹೊರಡುವುದು, ನೆರಳು ನೋಡಿ ರೊಟ್ಟಿ ಬುತ್ತಿ ಬಿಚ್ಚುವುದು, ಮಕ್ಕಳನ್ನು ನೀರಿಗೆ ಬಿಡುವುದು, ಸಂಜೆ ಕೇಕ್ ಕತ್ತರಿಸುವುದು. ಬೇಸಿಗೆಯ ಖುಷಿ ಇರುವುದೇ ಇದರಲ್ಲಿ.

ಇದೇ ದಿನಗಳಲ್ಲಿ ಮೊಬೈಲಿಗೆ ಕೆಲವು ಮೆಸೇಜ್‌ಗಳೂ ತಪ್ಪದೆ ಬರುತ್ತವೆ. ಉಪ್ಪಿನ ಪವಾಡ, ಉಳ್ಳಾಗಡ್ಡಿಯ ರಕ್ಷಣೆ, ಕೂಸಿಗೆ ನೀರು, ಹೊಗೆ ಬಿಸ್ಕತ್ತಿನ ವಿಡಿಯೊ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇವುಗಳಲ್ಲಿ ಕೆಲವನ್ನು ನಂಬಿದರೆ ಮಗುವಿನ ಜೀವಕ್ಕೇ ಕುತ್ತು. ಒಂದೊಂದಾಗಿ ನೋಡೋಣ.

ಫಾರ್ವರ್ಡ್ 1: ನೀರಲ್ಲಿ ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಮುಚ್ಚಿಟ್ಟರೆ ಮತ್ತೆ ಬದುಕುತ್ತಾರೆ

ಇದು ಪೂರ್ತಿ ಸುಳ್ಳು. ಅಷ್ಟೇ ಅಲ್ಲ, ಈ ಪಟ್ಟಿಯಲ್ಲಿ ಅತಿ ಅಪಾಯಕಾರಿ ಫಾರ್ವರ್ಡ್ ಇದೇ.

ಉಪ್ಪು ದೇಹದೊಳಗಿನ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಕೆಲವು ಗಂಟೆಗಳಲ್ಲಿ ಉಸಿರು ಮರಳುತ್ತದೆ ಎಂಬುದು ಈ ಮೆಸೇಜ್‌ನ ವಾದ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯ ಸಿರಿವಾರದಲ್ಲಿ ನೀರಲ್ಲಿ ಮುಳುಗಿದ ಬಾಲಕನೊಬ್ಬನನ್ನು ಇಂಥದೇ ಪೋಸ್ಟ್ ನಂಬಿ ಗಂಟೆಗಟ್ಟಲೆ ಉಪ್ಪಿನಲ್ಲಿ ಮುಚ್ಚಿಡಲಾಗಿತ್ತು. ಬಾಲಕ ಏಳಲಿಲ್ಲ. 2023ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ಇಬ್ಬರು ಬಾಲಕರ ವಿಷಯದಲ್ಲೂ ಹೀಗೇ ಆಯಿತು. ಮಗನನ್ನು ಕಳೆದುಕೊಂಡ ಮನೆಯವರು ಎಂಥ ಆಸೆಗೂ ಜೋತುಬೀಳುತ್ತಾರೆ, ಅದು ಅವರ ತಪ್ಪಲ್ಲ. ಆ ಆಸೆಯನ್ನು ಅವರ ಮೊಬೈಲಿಗೆ ತಲುಪಿಸಿದ ಸಾಲುಗಳದ್ದು ತಪ್ಪು.

ಈ ಮಾತು ನಿಜವೆನಿಸಲು ಒಂದು ಕಾರಣವಿದೆ. ನೀರಲ್ಲಿ ಬಿದ್ದ ನೊಣವನ್ನು ಉಪ್ಪಿನಲ್ಲೋ ಬೂದಿಯಲ್ಲೋ ಮುಚ್ಚಿಟ್ಟರೆ ಸ್ವಲ್ಪ ಹೊತ್ತಿಗೆ ಎದ್ದು ಹಾರುತ್ತದೆ. ಈ ಆಟವನ್ನು ಹಳ್ಳಿಯಲ್ಲಿ ಆಡಿದವರು ಬಹಳ ಮಂದಿ. ಆದರೆ ನೊಣಕ್ಕೆ ನಮ್ಮಂತೆ ಶ್ವಾಸಕೋಶವಿಲ್ಲ. ಅದರ ಮೈಯ ಪಕ್ಕದಲ್ಲಿರುವ ಸಣ್ಣ ಸಣ್ಣ ರಂಧ್ರಗಳ ಮೂಲಕ ಗಾಳಿ ಒಳಗೆ ಹೋಗುತ್ತದೆ. ನೀರಲ್ಲಿ ಬಿದ್ದ ನೊಣ ಸತ್ತಿರುವುದಿಲ್ಲ, ರಂಧ್ರ ಮುಚ್ಚಿಕೊಂಡು ಮಂಕಾಗಿರುತ್ತದೆ. ಮೈಮೇಲಿನ ನೀರನ್ನು ಉಪ್ಪು ಹೀರಿದಾಗ ರಂಧ್ರ ತೆರೆದು ಮತ್ತೆ ಉಸಿರಾಡುತ್ತದೆ.

ಮನುಷ್ಯರ ಕಥೆ ಬೇರೆ. ಮುಳುಗಿದಾಗ ಜೀವ ಹೋಗುವುದು ಹೊಟ್ಟೆಯಲ್ಲಿ ನೀರು ತುಂಬಿದ್ದಕ್ಕಲ್ಲ, ಮಿದುಳಿಗೆ ಆಮ್ಲಜನಕ ಸಿಗದಿದ್ದಕ್ಕೆ. ಉಸಿರು ನಿಂತ ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಚರ್ಮದ ಮೇಲೆ ಸುರಿದ ಉಪ್ಪು ಶ್ವಾಸಕೋಶದ ನೀರನ್ನು ಎಳೆಯಲಾರದು, ನಿಂತ ಹೃದಯವನ್ನು ನಡೆಸಲಾರದು. ಉಪ್ಪಿನ ಚೀಲ ತರಲು ಓಡುವ ಹೊತ್ತೇ ಮಗುವನ್ನು ಉಳಿಸಬಹುದಾದ ಹೊತ್ತು.

ಹಾಗಾದರೆ ಮಾಡಬೇಕಾದ್ದೇನು?

ಈಜು ಬಾರದವರು ನೀರಿಗೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ದಡದಿಂದಲೇ ಹಗ್ಗ, ಸೀರೆ, ಉದ್ದನೆಯ ಕೋಲು ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದರೂ ಹಿಡಿದು ತೇಲಬಹುದು.

ಮಗುವನ್ನು ಹೊರಗೆ ತಂದ ತಕ್ಷಣ ಒಬ್ಬರು 108ಕ್ಕೆ ಕರೆ ಮಾಡಿ. ಇನ್ನೊಬ್ಬರು ಉಸಿರು ನೋಡಿ. ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ತಲೆ ತುಸು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಡಿ. ಪ್ರತಿ ಸಲ ಎದೆ ಮೇಲೇಳಬೇಕು. ಆಮೇಲೆ ಎದೆಯ ನಡುವೆ ಅಂಗೈ ಬುಡವಿಟ್ಟು 30 ಸಲ ಒತ್ತಿ, ಮತ್ತೆ ಎರಡು ಉಸಿರು ಕೊಡಿ. ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಒಳಗೆ ಹೋಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ವರ್ಷ ತುಂಬದ ಕೂಸಾದರೆ ಎರಡೇ ಬೆರಳು ಸಾಕು, ಮೂಗು ಬಾಯಿ ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಉಸಿರು ಕೊಡಿ. ಆಂಬುಲೆನ್ಸ್ ಬರುವವರೆಗೆ ಅಥವಾ ಮಗು ಉಸಿರಾಡುವವರೆಗೆ ನಿಲ್ಲಿಸಬೇಡಿ.

ಕಾಲು ಹಿಡಿದು ತಲೆಕೆಳಗೆ ತೂಗಾಡಿಸುವುದು, ಹೊಟ್ಟೆ ಹಿಚುಕಿ ನೀರು ತೆಗೆಯುವುದು ಬೇಡವೇ ಬೇಡ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ, ಹೊತ್ತೂ ಹಾಳು. ಮಗು ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಿನ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಇದೆಲ್ಲ ಬೇಕಾಗದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ಬೇಸಿಗೆಯಲ್ಲಿ ಭೀಮೆ ತಗ್ಗಿರುತ್ತದೆ, ‘ಇಷ್ಟೇ ನೀರು’ ಎಂದು ಮಕ್ಕಳನ್ನು ಬಿಟ್ಟುಬಿಡುತ್ತೇವೆ. ಆದರೆ ಮರಳು ತೆಗೆದ ಕಡೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳದ ಗುಂಡಿ ಇರಬಹುದು, ಮೇಲಿನಿಂದ ಅದು ಕಾಣುವುದಿಲ್ಲ. ಹೊಲದ ಕೃಷಿಹೊಂಡಗಳ ಮೇಲೂ ಕಣ್ಣಿರಲಿ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಒಣಭೂಮಿಯ ರೈತರಿಗೆ ಇವು ದೊಡ್ಡ ಆಸರೆ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಎಷ್ಟು ಜಾರುತ್ತದೆಂದರೆ ಬಿದ್ದ ಮಗುವಿಗೆ ಹತ್ತಲು ಹಿಡಿತವೇ ಸಿಗುವುದಿಲ್ಲ.

ಇನ್ನೊಂದು ಮಾತು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕಿರುಚುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲೇ ಇರುವುದರಿಂದ ದನಿ ಹೊರಡುವುದಿಲ್ಲ, ಒಂದು ನಿಮಿಷದೊಳಗೆ ಸದ್ದಿಲ್ಲದೆ ಕೆಳಗೆ ಹೋಗಬಹುದು. ಹತ್ತು ಮಂದಿ ದಡದಲ್ಲಿದ್ದರೆ ಎಲ್ಲರೂ ‘ಯಾರಾದರೂ ನೋಡುತ್ತಿರುತ್ತಾರೆ’ ಅಂದುಕೊಳ್ಳುತ್ತಾರೆ. ಅದಕ್ಕೇ ಒಬ್ಬರನ್ನು ಹೆಸರಿಟ್ಟು ಕಾವಲಿಗೆ ನಿಲ್ಲಿಸಿ. ಅವರ ಕೈಯಲ್ಲಿ ಮೊಬೈಲ್ ಇರಬಾರದು, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ ಇರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಪಾಳಿ ಬದಲಿಸಿ.

ಫಾರ್ವರ್ಡ್ 2: ಕಿಸೆಯಲ್ಲಿ ಉಳ್ಳಾಗಡ್ಡಿ ಇದ್ದರೆ ಬಿಸಿಲು ಬಡಿಯುವುದಿಲ್ಲ

ಉಳ್ಳಾಗಡ್ಡಿ ರೊಟ್ಟಿ ಜೊತೆ ತಿನ್ನಲು ಚೆಂದ. ಕಿಸೆಯಲ್ಲಿಟ್ಟರೆ ಅದರಿಂದ ಏನೂ ಆಗದು.

ನಮ್ಮ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಹೊರಗೆ ಅದಕ್ಕಿಂತ ಕಡಿಮೆ ಬಿಸಿ ಇದ್ದಾಗ ಮೈಯ ಕಾವು ಗಾಳಿಗೆ ಹೋಗುತ್ತದೆ. ಕಲಬುರಗಿ ಜಿಲ್ಲೆಯ ಮೇ ತಿಂಗಳ ಮಧ್ಯಾಹ್ನದಂತೆ 42 ಡಿಗ್ರಿ ಇದ್ದರೆ ಲೆಕ್ಕ ಉಲ್ಟಾ, ಗಾಳಿಯ ಕಾವೇ ಮೈಗೆ ಏರುತ್ತದೆ. ಆಗ ಉಳಿಯುವುದು ಒಂದೇ ದಾರಿ, ಬೆವರು ಆರುವುದು. ಕಿಸೆಯ ಉಳ್ಳಾಗಡ್ಡಿಗೆ ಈ ಕೆಲಸದಲ್ಲಿ ಪಾಲೇ ಇಲ್ಲ.

ಮಕ್ಕಳಿಗೆ ಕಷ್ಟ ಹೆಚ್ಚು. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡದು, ಹಾಗಾಗಿ ಕಾವು ಬೇಗ ಏರುತ್ತದೆ. ಬೆವರುವುದು ದೊಡ್ಡವರಿಗಿಂತ ಕಡಿಮೆ. ಆಟದ ಗುಂಗಿನಲ್ಲಿ ನೀರು ಕೇಳುವುದೂ ಇಲ್ಲ.

ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ನಿಮಗೆ ಗೊತ್ತೇ ಇದೆ. ದೊಡ್ಡವರ ಕೆಲಸಕ್ಕೇ ಹೊತ್ತು ಬದಲಾಗುವಾಗ ಮೂರು ವರ್ಷದ ಮಗುವಿನ ಬರ್ತ್‌ಡೇ ಊಟ ಮಟಮಟ ಮಧ್ಯಾಹ್ನ ತಗಡಿನ ಶೆಡ್ಡಿನ ಕೆಳಗೆ ಯಾಕೆ? ಬೆಳಿಗ್ಗೆ ಆರೂವರೆಗೆ ಹೊರಟು ಹತ್ತೂವರೆಯೊಳಗೆ ನೆರಳು ಸೇರಿ. ಕೇಕ್ ಸಂಜೆ ಆರರ ಮೇಲಿರಲಿ. ಕೇಳಲಿ ಬಿಡಲಿ, ಅರ್ಧ ಗಂಟೆಗೊಮ್ಮೆ ಮಕ್ಕಳಿಗೆ ನೀರು, ಮಜ್ಜಿಗೆ, ಅಂಬಲಿ ಕೊಡುತ್ತಿರಿ.

ಮಗು ತೊದಲತೊಡಗಿದರೆ, ಮಂಕಾದರೆ, ಫಿಟ್ಸ್ ಬಂದರೆ, ಮೈ ಸುಡುತ್ತಿದ್ದರೆ ಅದು ಬಿಸಿಲಿನ ಹೊಡೆತ ಇರಬಹುದು. ಜ್ವರದ ಮಾತ್ರೆಗೆ ಇದು ಇಳಿಯುವುದಿಲ್ಲ, ಏಕೆಂದರೆ ಇದು ಜ್ವರವಲ್ಲ. ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದಾಗ ಬಾಯಿಗೆ ನೀರು ಹಾಕಬೇಡಿ.

ಮಗು ಮಲಗಿದೆ ಎಂದು ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ದರ್ಶನಕ್ಕೆ ಹೋಗುವುದಂತೂ ಬೇಡ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಏರಿತು. ಅದರಲ್ಲಿ ಶೇ 80ರಷ್ಟು ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ತುಸು ಇಳಿಸಿದ್ದರಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ.

ಫಾರ್ವರ್ಡ್ 3: ಬೇಸಿಗೆಯಲ್ಲಿ ಕೂಸಿನ ಗಂಟಲು ಒಣಗುತ್ತದೆ, ನಡುನಡುವೆ ನೀರು ಕುಡಿಸಿ

ಆರು ತಿಂಗಳು ತುಂಬದ ಕೂಸಿಗೆ ನೀರು ಬೇಡ, ಸಕ್ಕರೆ ನೀರೂ ಬೇಡ, ಜೇನೂ ಬೇಡ. ಎದೆಹಾಲಿನಲ್ಲಿ ಬಹುಪಾಲು ಇರುವುದೇ ನೀರು. ಎಂಥ ಸೆಖೆಗೂ ಎದೆಹಾಲೇ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರಿನಿಂದ ಪುಟ್ಟ ಹೊಟ್ಟೆ ತುಂಬಿದರೆ ಹಾಲು ಕಡಿಮೆಯಾಗುತ್ತದೆ, ಶುದ್ಧವಲ್ಲದ ನೀರಾದರೆ ಭೇದಿ ಶುರುವಾಗುತ್ತದೆ. ಹೆಚ್ಚು ಸಲ ಹಾಲು ಕುಡಿಸಿ, ತಾಯಿ ಚೆನ್ನಾಗಿ ನೀರು ಕುಡಿಯಲಿ.

ದೊಡ್ಡ ಮಕ್ಕಳಿಗೆ ವಾಂತಿ ಭೇದಿಯಾದರೆ ಓಆರ್‌ಎಸ್ ಬೇಕು. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿ ಓಆರ್‌ಎಸ್ ಅಲ್ಲ. ಇಂಥ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಔಷಧಿ ಅಂಗಡಿಯ ಪುಡಿ ತಂದು, ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟರಲ್ಲೇ ಕಲಸಿ. ದೊಡ್ಡ ಪೊಟ್ಟಣಕ್ಕೆ ಸಾಮಾನ್ಯವಾಗಿ ಒಂದು ಲೀಟರ್. ಅರ್ಧ ಪುಡಿ ಅಂದಾಜಿಗೆ ಹಾಕುವುದು ಸರಿಯಲ್ಲ.

ಫಾರ್ವರ್ಡ್ 4: ಹೊಗೆ ಬಿಸ್ಕತ್ತು ತಿಂದ ಹುಡುಗ ಸತ್ತ

ಇದು ಅರ್ಧ ಸುಳ್ಳು. 2024ರಲ್ಲಿ ಹರಿದಾಡಿದ ಆ ವಿಡಿಯೊ ದಾವಣಗೆರೆಯದು. ಬಿಸ್ಕತ್ತು ತಿಂದ ಹುಡುಗ ನೋವಿನಿಂದ ಒದ್ದಾಡಿದ್ದು ನಿಜ. ಆದರೆ ಚಿಕಿತ್ಸೆ ಪಡೆದು ಚೇತರಿಸಿಕೊಂಡ.

ಅಪಾಯ ಮಾತ್ರ ಸುಳ್ಳಲ್ಲ. ಆ ಹೊಗೆ ಬರುವುದು ದ್ರವ ಸಾರಜನಕದಿಂದ, ಅದರ ಉಷ್ಣಾಂಶ ಮೈನಸ್ 196 ಡಿಗ್ರಿ. ಅದು ಪೂರ್ತಿ ಆರದೆ ಒಳಗೆ ಹೋದರೆ ಬಾಯಿ, ಅನ್ನನಾಳ, ಹೊಟ್ಟೆಯನ್ನು ಸುಟ್ಟಂತೆ ಗಾಯ ಮಾಡುತ್ತದೆ. ಅಲ್ಲೇ ಅನಿಲವಾಗಿ ಹಿಗ್ಗಿದರೆ ಹೊಟ್ಟೆಗೆ ತೂತು ಬೀಳಲೂಬಹುದು. ತಿನ್ನುವ ಪದಾರ್ಥದ ಜೊತೆ ಇದನ್ನು ಹೀಗೆ ಕೊಡುವುದನ್ನು ಕರ್ನಾಟಕ ಸರ್ಕಾರ ಅದೇ ವರ್ಷದ ಮೇನಲ್ಲಿ ನಿಷೇಧಿಸಿತು. ಬರ್ತ್‌ಡೇ ಅಂಗಳಕ್ಕೂ ಇದು ಬೇಡ.

ಫಾರ್ವರ್ಡ್ 5: ಹೀಲಿಯಂ ಬಲೂನ್ ಸಿಡಿದು ಬೆಂಕಿ

ಹೀಲಿಯಂ ಉರಿಯುವುದೇ ಇಲ್ಲ. ಉರಿಯುವುದು ಜಲಜನಕ, ಅಂದರೆ ಹೈಡ್ರೋಜನ್. ಎರಡೂ ಬಲೂನನ್ನು ಮೇಲೆ ಏರಿಸುತ್ತವೆ, ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಹೀಲಿಯಂ ದುಬಾರಿ, ಹಾಗಾಗಿ ಜಾತ್ರೆ, ಸಂತೆಯಲ್ಲಿ ಅಗ್ಗಕ್ಕೆ ಸಿಗುವ ‘ಗ್ಯಾಸ್ ಬಲೂನ್’ ಒಳಗೆ ಹೈಡ್ರೋಜನ್ ಇರುವ ಸಾಧ್ಯತೆ ಹೆಚ್ಚು. ಕ್ಯಾಂಡಲ್ ಒಂದೇ ಸಾಕು, ಗೊಂಚಲು ಪೂರ್ತಿ ಹೊತ್ತಿಕೊಳ್ಳಲು. ಮಕ್ಕಳ ಮೇಲೆ ಚಿಮ್ಮಿಸುವ ನೊರೆ ಸ್ಪ್ರೇಯನ್ನು ಹೊರಗೆ ತಳ್ಳುವ ಅನಿಲವೂ ಬಹಳಷ್ಟು ಸಲ ಬೇಗ ಹೊತ್ತುವಂಥದ್ದೇ. ಬಾಯಿಂದ ಊದಿದ ಬಲೂನು ಕಟ್ಟಿ, ಸ್ಪ್ರೇ ಇದ್ದರೆ ಕ್ಯಾಂಡಲ್ ಹಚ್ಚಬೇಡಿ. ಒಡೆದ ಬಲೂನಿನ ಚೂರುಗಳನ್ನು ತಕ್ಷಣ ಆಯ್ದು ಬಿಸಾಡಿ, ಸಣ್ಣ ಮಕ್ಕಳ ಗಂಟಲಿಗೆ ಅಂಟಿಕೊಂಡರೆ ಉಸಿರು ಕಟ್ಟುತ್ತದೆ.

ಕೊನೆಗೆ, ಇದನ್ನು ಫಾರ್ವರ್ಡ್ ಮಾಡಿ

ಉಪ್ಪು, ಉಳ್ಳಾಗಡ್ಡಿಯಂಥ ಫಾರ್ವರ್ಡ್‌ಗಳು ನಮ್ಮ ಕೈಗೆ ಒಂದು ವಸ್ತು ಕೊಟ್ಟು ನೆಮ್ಮದಿಯಾಗಿ ಇರಿ ಎನ್ನುತ್ತವೆ. ಮಕ್ಕಳನ್ನು ಕಾಯುವುದು ವಸ್ತುವಲ್ಲ, ವೇಳೆ. ಯಾವಾಗ ಹೊರಟಿರಿ, ಎಷ್ಟು ಹತ್ತಿರ ನಿಂತಿರಿ, ಮೊದಲ ಐದು ನಿಮಿಷ ಏನು ಮಾಡಿದಿರಿ ಎಂಬುದೇ ಎಲ್ಲ. ಮನೆಯ ಗ್ರೂಪಿಗೆ ಈ ಸಾಲುಗಳನ್ನು ಕಳಿಸಿ:

ಹೊರಡುವುದು ನಸುಕಿಗೆ, ಕೇಕ್ ಸಂಜೆಗೆ.
ನೀರಿನ ಹತ್ತಿರ ಒಬ್ಬರ ಕಾವಲು, ಮೊಬೈಲ್ ಇಲ್ಲದೆ, ಕೈಯಳತೆಯಲ್ಲಿ.
ಮುಳುಗಿದರೆ ಉಪ್ಪಲ್ಲ, ಉಸಿರು. ಕರೆ 108ಕ್ಕೆ.
ಆರು ತಿಂಗಳವರೆಗೆ ಎದೆಹಾಲು ಮಾತ್ರ.
ನಿಂತ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಬಿಡಬೇಡಿ.
ಗ್ಯಾಸ್ ಬಲೂನ್, ಹೊಗೆ ಬಿಸ್ಕತ್ತು ಬೇಡ.